ಶಿವಪುತ್ರಪ್ಪನವರ ಲೆನ್ಸಿನ ವಾಷರ್

ಒದ್ದೆ ಫಿಲ್ಮನ್ನು ಬಚ್ಚಲುಮನೆಯ ಕಿಟಕಿಗೆ ಎತ್ತಿ ಹಿಡಿದು ಭೂತಗನ್ನಡಿಯಲ್ಲಿ ನೋಡಿದ ಶಿವಪುತ್ರಪ್ಪನವರು ಮೊದಲು ಭೂತಗನ್ನಡಿಯನ್ನು ಒರೆಸಿದರು. ಮತ್ತೆ ನೋಡಿ ತಮ್ಮ ಕನ್ನಡಕವನ್ನು ಒರೆಸಿಕೊಂಡರು. ಮೂರನೆಯ ಸಲ ನೋಡಿದ ಮೇಲೆ ಒರೆಸಲು ಏನೂ ಉಳಿಯಲಿಲ್ಲ.

ಗೆಳೆಯ ಸಂಕಪ್ಪನ ಹೋಟೆಲಿನಲ್ಲಿ ದಸರೆಯ ದಿನ ತೆಗೆದ ಚಿತ್ರಗಳು ಅವು. ಸಂಕಪ್ಪ, ಅವನ ಹೆಂಡತಿ ಲೀಲಾಕ್ಷಿ, ಜರಿ ಅಂಚಿನ ಪಂಚೆ ಉಟ್ಟ ಅಡುಗೆ ಭಟ್ಟರು, ಕಾಫಿಯ ಹಿತ್ತಾಳೆ ಡಬರಿಗೆ ಸುತ್ತಿದ ಚೆಂಡುಹೂವಿನ ಮಾಲೆ. ಹಿಂದಿನ ಗೋಡೆಯ ದರಪಟ್ಟಿ ಸ್ಪಷ್ಟವಾಗಿ ಮೂಡಿತ್ತು. ಮಸಾಲೆ ದೋಸೆಯ ದರ ಓದಬಹುದಿತ್ತು. ಸಂಕಪ್ಪನ ಮುಖ ಮಾತ್ರ ಗುರುತು ಸಿಗುತ್ತಿರಲಿಲ್ಲ. ಎಲ್ಲರ ಮುಖಗಳೂ ಆವಿಯ ಹಿಂದೆ ನಿಂತವರ ಮುಖಗಳಂತಿದ್ದವು. ಒಂದರಲ್ಲಲ್ಲ, ಇಡೀ ಫಿಲ್ಮಿನಲ್ಲಿ.

"ಏನ್ರೀ, ಒಳಗ ನಿದ್ದಿ ಹತ್ತಿತೇನು? ನಂಗ ಭಾಂಡೆ ತಿಕ್ಕೂದದ," ಹೊರಗಿನಿಂದ ಹೆಂಡತಿ ಸಾವಂತ್ರವ್ವ ಕೂಗಿದರು. "ಗುರುಗಳು ಪ್ರಸನ್ನರಾದ್ರಿಲ್ಲೋ?"

"ಇನ್ನೂ ಒಣಗಿಲ್ಲ," ಎಂದರು ಶಿವಪುತ್ರಪ್ಪ. ಅವರ ದನಿ ಅವರಿಗೇ ಬೇರೆಯವರದ್ದೆನಿಸಿತು.

ಗುರುಗಳು ಎಂದರೆ ಒಂದು ಲೆನ್ಸು. ಜುಪಿಟರ್ ಎಂಟು ಅದರ ಹೆಸರು. ಗುರುಗ್ರಹದ ಹೆಸರಾದ್ದರಿಂದ ಮನೆಯಲ್ಲಿ ಅದು ಗುರುಗಳಾಯಿತು. ಶಿವಪುತ್ರಪ್ಪ ತಮ್ಮೂರು ಇಂಡಿಯಿಂದ ಪುಣೆಗೆ ಬಂದು ಮಾರ್ಕೆಟ್ ಯಾರ್ಡಿನ ಬೆಲ್ಲದ ಪೇಟೆಯಲ್ಲಿ ಗುಮಾಸ್ತರಾಗಿ ಸೇರಿದ ಹೊಸತರಲ್ಲಿ, ರವಿವಾರ ಹೊತ್ತು ಹೋಗದೆ ಜುನಾ ಬಜಾರಿನಲ್ಲಿ ಅಲೆಯುತ್ತಿದ್ದರು. ಹಳೆಯ ನಲ್ಲಿ, ಬೀಗ, ಕೈ ಮುರಿದ ಗಡಿಯಾರಗಳ ನಡುವೆ ತಾಡಪತ್ರಿಯ ಮೇಲೆ ಒಂದು ರಷ್ಯಾದ ಕ್ಯಾಮೆರಾ ಬಿದ್ದಿತ್ತು. ಝೋರ್ಕಿ. ಅದರ ಮೂತಿಯಲ್ಲಿ ಈ ಲೆನ್ಸು. ಓದಲು ಬಾರದ ಅಕ್ಷರಗಳು, ನೇರಳೆ ಹಣ್ಣಿನ ಸಿಪ್ಪೆಯಂತೆ ಹೊಳೆಯುವ ಗಾಜು. ಎತ್ತಿಕೊಂಡು ಅಂಗಡಿಯವನ ಮುಖದತ್ತ ಹಿಡಿದಾಗ ಅವನು ಬೀಡಿ ಇಳಿಸಿ ತಲೆ ಬಾಚಿಕೊಂಡನಂತೆ. ಆ ಕ್ಷಣಕ್ಕೇ ಕ್ಯಾಮೆರಾ ತಮ್ಮದಾಯಿತು ಎಂದು ಅವರು ಹೇಳುತ್ತಿದ್ದರು.

ಆಮೇಲೆ ಇನ್ನೆರಡು ಲೆನ್ಸು ಬಂದವು. ಇಂಡಸ್ಟಾರ್ ಖಡಕ್ ಮನುಷ್ಯ, ಮುಖದ ಮೇಲಿನ ಒಂದು ಕಲೆಯನ್ನೂ ಬಿಡದು. ಜುಪಿಟರ್ ಹನ್ನೆರಡು ಇಡೀ ಓಣಿಯನ್ನು ಒಂದೇ ನೋಟದಲ್ಲಿ ಹಿಡಿಯುವಂಥದು, ಆದರೆ ಬಿಸಿಲಿಗೆ ಬೇಗ ಮುನಿಯುವಂಥದು. ಮನುಷ್ಯರ ಮುಖಕ್ಕೆ ಮಾತ್ರ ಗುರುಗಳೇ ಬೇಕು. ಬೆಳಕಿನ ಕಿಂಡಿಯನ್ನು ಪೂರ್ತಿ ತೆರೆದಿಟ್ಟರೆ ಕಣ್ಣು ಸ್ಪಷ್ಟವಾಗಿ, ಕೆನ್ನೆಯಿಂದಾಚೆಗೆ ಎಲ್ಲವೂ ಮೆಲ್ಲಗೆ ಕರಗುತ್ತ ಹೋಗುತ್ತಿತ್ತು. ದಿನವಿಡೀ ಮೆಣಸಿನಕಾಯಿ ಘಾಟಿನಲ್ಲಿ ದುಡಿದ ಹಮಾಲನೂ ಆ ಚಿತ್ರದಲ್ಲಿ ಈಗ ತಾನೆ ನೆರಳಿಗೆ ಬಂದು ಕೂತವನಂತೆ ಕಾಣುತ್ತಿದ್ದ.

ಈ ಬಗೆಯ ಕ್ಯಾಮೆರಾದಲ್ಲಿ ನೋಡುವ ಕಿಟಕಿ ಬೇರೆ, ಚಿತ್ರ ಹಿಡಿಯುವ ಲೆನ್ಸು ಬೇರೆ. ಕಿಟಕಿಯಲ್ಲಿ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಲೆನ್ಸಿಗೆ ಏನಾದರೂ ಆಗಿದ್ದರೆ ಅದು ತಿಳಿಯುವುದು ಫಿಲ್ಮು ತೊಳೆದ ಮೇಲೆಯೇ.

ಶಿವಪುತ್ರಪ್ಪ ಅಡುಗೆಮನೆಯಿಂದ ಚಹಾ ಕಪ್ಪಿನ ಒಂದು ಬಿಳಿ ಬಸಿ ತಂದು ಮೇಜಿನ ಮೇಲಿಟ್ಟು ಲೆನ್ಸನ್ನು ಬಿಚ್ಚಿದರು. ಗಾಜಿನ ಗಡ್ಡೆ ಬೇರೆಯಾಗಿ ಕೈಗೆ ಬಂತು. ಅದರ ಬುಡದಲ್ಲಿ ಒಂದು ವಾಷರ್ ಇರಬೇಕು. ಹಿತ್ತಾಳೆಯದು, ಕಾಗದದಷ್ಟು ತೆಳು. ಅದಿಲ್ಲದಿದ್ದರೆ ಗಾಜು ಒಳಗೆ ಕುಸಿದು ಕೂರುತ್ತದೆ, ಎದುರಿಗಿದ್ದವರನ್ನು ಬಿಟ್ಟು ಹಿಂದಿನ ಗೋಡೆಯನ್ನು ನೋಡುತ್ತದೆ.

ವಾಷರ್ ಇರಲಿಲ್ಲ.

ಬೇಸಿಗೆಯಲ್ಲಿ ಎಣ್ಣೆಯ ಜಿಡ್ಡು ತೆಗೆಯಲು ಲೆನ್ಸು ಬಿಚ್ಚಿದ್ದು ನೆನಪಿತ್ತು. ಇದೇ ಬಸಿಯ ಮೇಲೆ ವಾಷರ್ ಇಟ್ಟಿದ್ದು, ಮತ್ತೆ ಕೂರಿಸಿದ್ದು ನೆನಪಿತ್ತು. ಗಣಪತಿ ಹಬ್ಬದ ಚಿತ್ರಗಳು ಚೆನ್ನಾಗಿ ಬಂದಿದ್ದವು. ಹಾಗಾದರೆ ಅದರ ನಂತರ ಯಾವಾಗಲೋ ತಾವು ಲೆನ್ಸನ್ನು ಮತ್ತೆ ಬಿಚ್ಚಿದ್ದಾರೆ, ವಾಷರ್ ತೆಗೆದು ಎಲ್ಲಿಯೋ ಇಟ್ಟಿದ್ದಾರೆ, ಅದಿಲ್ಲದೆ ಮುಚ್ಚಿದ್ದಾರೆ. ಈ ಮನೆಯಲ್ಲಿ ಬೇರೆ ಯಾರೂ ಅದನ್ನು ಮುಟ್ಟುವವರಲ್ಲ. ತಾವೇ ಮಾಡಿದ್ದು. ಅದರ ಒಂದು ಚೂರೂ ನೆನಪಿಲ್ಲ.

ಅವರು ಬಸಿಯನ್ನೇ ನೋಡುತ್ತ ಕುಳಿತರು. ಮರೆತ ಸಂಗತಿ ಸ್ವಲ್ಪ ಕೆದಕಿದರೆ ಅಂಚಾದರೂ ಸಿಗುತ್ತದೆ. ಇಲ್ಲಿ ಅಂಚೇ ಇರಲಿಲ್ಲ. ಅವರ ತಂದೆ ಕೊನೆಯ ದಿನಗಳಲ್ಲಿ ಊಟ ಮಾಡಿ ಕೈ ತೊಳೆದು ಬಂದು, ನನಗ ಇನ್ನೂ ತಾಟು ಹಾಕಿಲ್ಲ ಎಂದು ಸಿಟ್ಟಾಗುತ್ತಿದ್ದರು. ಆಗಿನ ಅವರ ಮುಖ ನಿಜವಾಗಿ ಹಸಿದವರ ಮುಖವಾಗಿರುತ್ತಿತ್ತು.

ಸಾವಂತ್ರವ್ವನಿಗೆ ಅವರು ಏನೂ ಹೇಳಲಿಲ್ಲ. ಗುಂಡಿಯ ಡಬ್ಬಿ, ಸೂಜಿದಾರದ ಡಬ್ಬಿ, ಹಳೆಯ ಔಷಧಿಯ ಡಬ್ಬಿ ಎಲ್ಲವನ್ನೂ ಆಕೆ ಮನೆಯಲ್ಲಿಲ್ಲದಾಗ ಬೋರಲು ಹಾಕಿ ಹುಡುಕಿದರು. ಒಂದು ದಿನ ಕ್ಯಾಂಪಿನ ಅಂಗಡಿಗೆ ಹೋಗಿ ಫಿಲ್ಮು ತರುತ್ತೇನೆಂದು ಹೇಳಿ ಹೊರಟು, ಎದುರು ದಿಕ್ಕಿನ ಬಸ್ಸು ಹತ್ತಿ ಕಾತ್ರಜ ಕಡೆಯ ಒಂದು ಆಸ್ಪತ್ರೆಗೆ ಹೋದರು. ಮರೆವಿನ ಡಾಕ್ಟರ ಕೋಣೆಯ ಮುಂದೆ ಬೆಂಚಿನ ಮೇಲೆ ಕುಳಿತರು. ಪಕ್ಕದಲ್ಲಿ ಒಬ್ಬ ಮುದುಕ ತನ್ನ ಮಗಳನ್ನು 'ತಾಯೀ, ನೀವು ಯಾರ ಮನೆಯವರು' ಎಂದು ಮರಾಠಿಯಲ್ಲಿ ಬಹಳ ಮರ್ಯಾದೆಯಿಂದ ಕೇಳುತ್ತಿದ್ದ. ಮಗಳು ಅಷ್ಟೇ ಮರ್ಯಾದೆಯಿಂದ ಉತ್ತರಿಸುತ್ತಿದ್ದಳು. ತಮ್ಮ ಹೆಸರು ಕೂಗುವ ಮೊದಲೇ ಶಿವಪುತ್ರಪ್ಪ ಎದ್ದು ಬಂದುಬಿಟ್ಟರು.

ಇತ್ತ ಸಂಕಪ್ಪನ ಫೋನು ಬರುತ್ತಲೇ ಇತ್ತು. "ಫೋಟೋ ಎಂತ ಆಯ್ತು ಮಾರಾಯ್ರೆ? ಮೊಬೈಲಲ್ಲಿ ತೆಗ್ದಿದ್ರೆ ಇಷ್ಟೊತ್ತಿಗೆ ಊರವರೆಲ್ಲ ನೋಡಿ, ನನ್ನ ಹೊಟ್ಟೆ ಬಗ್ಗೆ ಮಾತಾಡಿ ಮುಗ್ಸಿರ್ತಿದ್ರು."

"ರಷ್ಯಾದಿಂದ ಬರಬೇಕಲ್ರೀ, ತಡಾ ಆಗ್ತದ," ಎಂದು ಇವರು ನಗಿಸಿ ಫೋನು ಇಡುತ್ತಿದ್ದರು. ಇಟ್ಟ ಮೇಲೆ ಒಣಗಿದ ಫಿಲ್ಮನ್ನು ಮತ್ತೆ ಕಿಟಕಿಗೆ ಹಿಡಿದು ನೋಡುತ್ತಿದ್ದರು.

ಕೊನೆಗೆ ಅವರು ಒಂದು ತೀರ್ಮಾನಕ್ಕೆ ಬಂದರು. ಸಂಕಪ್ಪನ ಮಗಳು ಶರಣ್ಯಾ ವಿಮಾನ ನಗರದ ಒಂದು ಆಫೀಸಿನಲ್ಲಿ ಕೆಲಸ ಮಾಡುವ ಹುಡುಗಿ. ಫಿಲ್ಮು ಕ್ಯಾಮೆರಾದ ಹುಚ್ಚು ಹೊಸದಾಗಿ ಹಿಡಿದಿತ್ತು. ರವಿವಾರ ಧನಕವಡಿಯ ನಮ್ಮ ಮನೆಗೆ ಬಾ ಎಂದು ಆಕೆಗೆ ಹೇಳಿದರು. ಬಂದವಳ ಮುಂದೆ ಝೋರ್ಕಿಯನ್ನೂ ಮೂರೂ ಲೆನ್ಸುಗಳನ್ನೂ ಒಂದು ಮೆತ್ತನೆಯ ಧೋತರದ ತುಂಡಿನ ಮೇಲೆ ಹರಡಿದರು.

"ಇವೆಲ್ಲಾ ಇನ್ನ ನಿನ್ನವು, ತಂಗಿ."

ಶರಣ್ಯಾ ಕೈ ಹಿಂದಕ್ಕೆ ಎಳೆದುಕೊಂಡಳು. "ಅಂಕಲ್, ತಮಾಷೆ ಮಾಡ್ಬೇಡಿ. ಮೊನ್ನೆ ಮುಟ್ಲಿಕ್ಕೇ ಬಿಡ್ಲಿಲ್ಲ ನೀವು."

ಚಹಾ, ಒಗ್ಗರಣೆ ಅವಲಕ್ಕಿ ತಂದ ಸಾವಂತ್ರವ್ವ ಬಾಗಿಲಲ್ಲೇ ನಿಂತರು. "ನನ್ನ ಜೋಡಿ ಮುನಕೊಂಡ್ರೂ ಗುರುಗಳ ಜೋಡಿ ಮುನಕೊಂಡವರಲ್ಲ ಇವರು. ಏನ್ರೀ, ಸನ್ಯಾಸ ತಗೋತೀರೇನು?"

ಶಿವಪುತ್ರಪ್ಪ ಆಕೆಯತ್ತ ನೋಡದೆ ಹುಡುಗಿಗೆ ಪಾಠ ಶುರುಮಾಡಿದರು. "ಮೊದಲ ಫಿಲ್ಮ್ ತಿರುವಬೇಕು, ಆಮ್ಯಾಲ ಸ್ಪೀಡು ಇಡಬೇಕು. ಉಲ್ಟಾ ಮಾಡಿದ್ರ ಒಳಗಿನ ಹಲ್ಲು ಮುರೀತಾವ. ಇನ್ನ ಈ ಲೆನ್ಸಿಗೆ ಒಂದು ಊನಾ ಅದ. ಒಳಗ ತೆಳ್ಳಂದು ಹಿತ್ತಾಳಿ ವಾಷರ್ ಇರಬೇಕು. ಅದು ನನ್ನ ಕೈಯಾಗ ಕಳದುಹೋತು. ಹೆಂಗ ಹೋತು ಅಂತ ಮಾತ್ರ ಕೇಳಬ್ಯಾಡ."

"ದುಂಡಂದ್ರೀ?" ಸಾವಂತ್ರವ್ವ ಕೇಳಿದರು. "ಬೆರಳಿಗೆ ದೊಡ್ಡದು, ಕೈಗೆ ಸಣ್ಣದು?"

ಶಿವಪುತ್ರಪ್ಪ ತಲೆ ಎತ್ತಿದರು.

"ಅದು ನಿರ್ಮಾಲ್ಯದಾಗ ಹೋತಲ್ರೀ."

ದಸರೆಯ ಹಿಂದಿನ ದಿನ, ಖಂಡೆ ನವಮಿಯಂದು, ಕತ್ತರಿ, ಈಳಿಗೆ, ಹೊಲಿಗೆ ಯಂತ್ರಗಳ ಜೊತೆ ಕ್ಯಾಮೆರಾಗೂ ವಿಭೂತಿ ಹಚ್ಚಿ ಪೂಜೆ ಮಾಡುವುದು ಈ ಮನೆಯ ರೂಢಿ. ಕ್ಯಾಮೆರಾದ ಪೂಜೆ ಪ್ರತಿ ವರ್ಷ ಶಿವಪುತ್ರಪ್ಪನವರದೇ. ಈ ವರ್ಷ ಹಳೆಯ ಮಾಲಕರು ಪೇಟೆಯಲ್ಲಿ ತಕ್ಕಡಿ ಪೂಜೆಗೆ ಬೆಳಿಗ್ಗೆಯೇ ಕರೆಸಿಕೊಂಡಿದ್ದರಿಂದ ಮನೆಯ ಪೂಜೆ ಸಾವಂತ್ರವ್ವನ ಪಾಲಿಗೆ ಬಂದಿತ್ತು. ಮರಳಿ ಬಂದಾಗ ಕ್ಯಾಮೆರಾದ ಮೇಲೆ ಮೂರು ಗೆರೆಗಳು ಎಂದಿನಂತೆ ಇದ್ದವು. ಅವರು ಕೈ ಮುಗಿದಿದ್ದರು.

"ನೀ ಬಿಚ್ಚಿದ್ದೀ? ನೀನ?"

"ನಾ ಎಲ್ಲಿ ಬಿಚ್ಚಿದೆ? ತಾನ ಬಿಚ್ಚಿತು. ಧೂಳ ಕೂತಿತ್ತಂತ ಸೆರಗಿಲೆ ಒರಸಿದೆ, ತಿರಗಿತು, ಅರ್ಧಾ ಕೈಯಾಗ ಬಂತು. ನನ್ನ ಜೀವಾನ ಹೋತು ನೋಡ್ರಿ. ಗುರುಗಳ ರುಂಡಾ ಹಾರಿಸಿದೆ ಅಂದ್ಕೊಂಡೆ. ತಿರುವಿ ತಿರುವಿ ಕೂಡ್ರಿಸಿದೆ. ಆಮ್ಯಾಲ ನೋಡ್ತೀನಿ, ವೀಳ್ಯದೆಲಿ ಮ್ಯಾಲ ಅದು ಬಿದ್ದಿತ್ತು. ಲೆನ್ಸು ಚಂದಗೆ ತಿರಗತಿತ್ತಲ್ಲ, ಇದರದಲ್ಲ ಅಂತ ಹೂವಿನ ಜೋಡಿ ಓಣ್ಯಾಗಿನ ನಿರ್ಮಾಲ್ಯದ ತೊಟ್ಟಿಗೆ ಹಾಕಿದೆ." ಅವರ ದನಿ ಸಣ್ಣದಾಯಿತು. "ಬೈತೀರೇನು?"

ಶಿವಪುತ್ರಪ್ಪ ಬೈಯಲಿಲ್ಲ. ನಗತೊಡಗಿದರು. ನಕ್ಕು ನಕ್ಕು ಧೋತರದ ಚುಂಗನ್ನು ಕಣ್ಣಿಗೆ ಒತ್ತಿಕೊಂಡರು. "ನಾ ಅಲ್ಲ! ನಾ ಅಲ್ಲಂತ!"

"ಆಂಟೀ, ಅಂಕಲ್‌ಗೆ ಎಂತಾಯ್ತು?" ಶರಣ್ಯಾ ಗಾಬರಿಯಿಂದ ಎದ್ದು ನಿಂತಳು.

"ಏನೂ ಆಗಿಲ್ಲ, ಅದ ನೋಡು! ನನಗ ಏನೂ ಆಗಿಲ್ಲ. ತಂಗಿ, ಅಪ್ಪಗ ಹೇಳು, ಹೊಸಾ ವಾಷರ್ ಕತ್ತರಿಸಿ ಹಾಕ್ತೀನಿ, ಎಲ್ಲಾರನೂ ಮತ್ತ ನಿಂದರಿಸಿ ಫೋಟೋ ತಗೀತೀನಿ."

"ಹಾಗಾದ್ರೆ ಇದು ನಂಗೆ ಇಲ್ವಾ?"

"ಇಲ್ಲ."

"ಗೊತ್ತಿತ್ತು ನಂಗೆ," ಎಂದು ಹುಡುಗಿ ಅವಲಕ್ಕಿ ಮುಗಿಸಿ, ಎರಡು ಬಾರಿ ಹಿಂತಿರುಗಿ ನೋಡುತ್ತ ಮೆಟ್ಟಿಲಿಳಿದು ಹೋದಳು.

ಶಿವಪುತ್ರಪ್ಪ ಲೆನ್ಸುಗಳನ್ನು ಒಂದೊಂದಾಗಿ ಎತ್ತಿಡುತ್ತಿದ್ದರು. ಸಾವಂತ್ರವ್ವ ಖಾಲಿ ಕಪ್ಪುಗಳನ್ನು ಎತ್ತಲಿಲ್ಲ.

"ನಾ ಅಲ್ಲ ಅಂದ್ರಲ್ಲ. ಏನದು?"

ಈಗ ಹೇಳುವುದು ಸುಲಭವಾಗಿತ್ತು. ಅವರು ಎಲ್ಲವನ್ನೂ ಹೇಳಿದರು. ಬಸಿ, ಡಬ್ಬಿಗಳು, ತಂದೆಯ ತಾಟು, ಆಸ್ಪತ್ರೆಯ ಬೆಂಚು. ಹೇಳುತ್ತ ಹೇಳುತ್ತ ಮತ್ತೆ ನಗು ಬಂತು.

"ಆವತ್ತ ಫಿಲ್ಮ್ ತರಾಕ ಹೋಗಿದ್ರಿ."

"ಹಂಗ ಹೇಳಿ ಹೋಗಿದ್ದೆ. ಈಗೇನು, ಎಲ್ಲಾ ಬಗಿಹರೀತು. ತಪ್ಪು ನಿಂದು. ಭಾಳ ಚೊಲೋ ಆತು, ನಿಂದ ಆತು."

ಸಾವಂತ್ರವ್ವ ನಗುತ್ತಾರೆಂದು ಅವರು ಕಾದರು. ಇಷ್ಟು ದೊಡ್ಡ ಮಾತಿಗೆ ಆಕೆ ಒಂದು ಚುಚ್ಚುಮಾತನ್ನೂ ಆಡದೆ ಇದ್ದದ್ದು ಇದೇ ಮೊದಲು. ಆಕೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದರು, ಬಿಡಿಸುತ್ತಿದ್ದರು.

"ವಾಷರ್ ನಂದ ತಪ್ಪು, ಖರೇ," ಎಂದರು. "ಉಳದದ್ದು ನಂದಲ್ಲರಿ."

"ಉಳದದ್ದು ಯಾವದು?"

"ಗಣಪತಿ ಮುಗದ ಮ್ಯಾಲ ಮಾಧುರಿ ಫೋನ್ ಮಾಡಿದ್ಲು. ನೀವ ಎತ್ತಿದ್ರಿ. 'ಯಾವ ಮಾಧುರಿ' ಅಂದ್ರಿ."

ಮಾಧುರಿ ಅವರ ಒಬ್ಬಳೇ ಮಗಳು. ಮದುವೆಯಾಗಿ ಸೊಲ್ಲಾಪುರದಲ್ಲಿದ್ದಾಳೆ.

"ಚ್ಯಾಷ್ಟಿ ಮಾಡಿರಬೇಕು."

"ಚ್ಯಾಷ್ಟಿ ಮಾಡೂಮುಂದ ನಿಮ್ಮ ಮಾರಿ ಹೆಂಗಿರ್ತದ ನನಗ ಗೊತ್ತಿಲ್ಲೇನು? ಆಕಿ ಅತ್ಲು. ಲೈನ್ ಸರಿ ಇಲ್ಲವ್ವಾ, ಅಪ್ಪಗ ಕೇಳಿಸಿಲ್ಲ ಅಂತ ನಾ ಫೋನ್ ಕಸಗೊಂಡು ಹೇಳಿದೆ."

ಶಿವಪುತ್ರಪ್ಪ ಆ ಮಾತನ್ನು ತಮ್ಮೊಳಗೆ ಹುಡುಕಿದರು. ಫೋನು ಇಡುವ ಮೂಲೆ ಸಿಕ್ಕಿತು. ಗಣಪತಿಯ ದಿನಗಳ ಡೋಲಿನ ಸದ್ದು ಸಿಕ್ಕಿತು. ಮಗಳ ದನಿ ಸಿಗಲಿಲ್ಲ. ಅವರ ಕೈಯಲ್ಲಿದ್ದ ಲೆನ್ಸು ಇದ್ದಕ್ಕಿದ್ದಂತೆ ಬಹಳ ಭಾರವಾಯಿತು. ಅದನ್ನು ಕೆಳಗಿಟ್ಟರು.

"ನಿನಗ ಗೊತ್ತಿತ್ತು."

"ನಿಮಗ ಗೊತ್ತಾದ್ರ ಹೆದರ್ತೀರಿ ಅಂತ ಸುಮ್ನಿದ್ದೆ. ನೀವು ಒಬ್ಬರ ಹೋಗಿ ಆ ಬೆಂಚಿನ ಮ್ಯಾಲ ಕೂತು ಬಂದೀರಿ ಅಂತ ನನಗೇನು ಗೊತ್ತು?" ಸಾವಂತ್ರವ್ವನ ದನಿ ಏರಿತು. ಅದರಲ್ಲಿ ಸಿಟ್ಟಿತ್ತು. "ಒಂದ ಮನ್ಯಾಗ ಇದ್ದು, ಒಂದ ಗಡಿಗ್ಯಾಗಿನ ನೀರು ಕುಡದು, ಫಿಲ್ಮ್ ತರಾಕ ಹೋಗ್ತೀನಿ ಅಂತೀರಿ!"

ಕೆಳಗೆ ಕಾಯಿಪಲ್ಯದ ಗಾಡಿಯವನು ಮರಾಠಿಯಲ್ಲಿ ಕೂಗುತ್ತ ಹೋದ. ಪ್ರತಿ ರವಿವಾರ ಅವನ ಜೊತೆ ಜಗಳವಾಡಿ ಮೆಂತ್ಯ ಕೊಳ್ಳುವ ಸಾವಂತ್ರವ್ವ ಕದಲಲಿಲ್ಲ.

"ಇನ್ನೂ ಅದಾವೇನು?" ಶಿವಪುತ್ರಪ್ಪ ಕೇಳಿದರು.

ಆಕೆ ಖಾಲಿ ಕಪ್ಪುಗಳನ್ನು ಒಂದರೊಳಗೊಂದು ಇಟ್ಟರು.

"ಹೇಳು."

"ಲೋಣಾವಳಾಕ್ಕ ಹೋದಾಗ ಶೇಂಗಾ ಚಿಕ್ಕಿ ತರ್ತೀನಂತ ಹೋಗಿ, ಬಂದು ನನ್ನ ಮುಂದ ಹಾದು ಹೋದ್ರಿ. ಕೂಗಿದ್ರೂ ನಿಂದರಲಿಲ್ಲ. ಆಮ್ಯಾಲ ಮಳ್ಯಾಗ ಕಾಣಲಿಲ್ಲ ಅಂದ್ರಿ."

"ಮಳಿ ಇತ್ತು."

"ನಾವು ನಿಂತಲ್ಲೆ ಛಪ್ಪರ ಇತ್ತರಿ."

ಅವರು ತಲೆಯಾಡಿಸಿದರು. ಆಮೇಲೆ ಆಕೆ ಉಳಿದವನ್ನೂ ಹೇಳಿದರು. ಕೆಲವು ತೀರ ಸಣ್ಣವು, ಯಾರಿಗಾದರೂ ಆಗುವಂಥವು. ಕೆಲವಕ್ಕೆ ಶಿವಪುತ್ರಪ್ಪ, ಇದು ನೆನಪದ, ಎಂದು ಅವಸರದಿಂದ ಹೇಳಿದರು. ಉಳಿದವನ್ನು ಪರವೂರಿನ ಯಾರದೋ ಸುದ್ದಿಯಂತೆ ಬಾಯಿ ತುಸು ತೆರೆದು ಕೇಳಿದರು. ಹೇಳಿ ಮುಗಿದಾಗ ಬಿಸಿಲು ಮೇಜಿನಿಂದ ಇಳಿದು ಹೋಗಿತ್ತು.

"ಏನೂ ಇರಲಿಕ್ಕಿಲ್ಲ," ಎಂದರು ಸಾವಂತ್ರವ್ವ. "ವಯಸ್ಸಾದ್ಮ್ಯಾಲ ಎಲ್ಲಾರಿಗೂ ಇಷ್ಟರ ಇರ್ತದ. ಆದ್ರ ನಾಳೆ ದವಾಖಾನಿಗೆ ಹೋಗೂಣು, ನಾನೂ ಬರ್ತೀನಿ."

"ಬಾ," ಎಂದರು ಶಿವಪುತ್ರಪ್ಪ. ಗುರುಗಳನ್ನು ಧೋತರದ ತುಂಡಿನಲ್ಲಿ ಸುತ್ತುತ್ತ, ಆಕೆಯ ಕಡೆ ನೋಡದೆಯೇ ಹೇಳಿದರು, "ಡಾಕ್ಟರ್ ಮುಂದ ನೀನ ಮಾತಾಡಬೇಕು. ನನಗ ನೆನಪಿದ್ದದ್ದಷ್ಟ ನಾ ಹೇಳಾಂವ."