ಮೇವಿಸ್ ಟಾಪ್ಲಿಯ ಕದ್ದ ತೋಟ

ಆಕಾಶದಲ್ಲಿ ಒಂದು ಚೂರು ಮೋಡವಿಲ್ಲದ ದಿನವೂ ಮೇವಿಸ್ ಟಾಪ್ಲಿ ಕೊಡೆ ಹಿಡಿದೇ ಹೊರಡುತ್ತಿದ್ದಳು. ಹ್ಯಾಗಲ್ಬಿಯ ಜನಕ್ಕೆ ಅದರಲ್ಲಿ ವಿಶೇಷವೇನೂ ಕಾಣುತ್ತಿರಲಿಲ್ಲ. ಇಂಗ್ಲೆಂಡಿನ ಬೇಸಿಗೆಯನ್ನು ನಂಬಿ ತೊಯ್ದು ತೊಪ್ಪೆಯಾಗದವರು ಯಾರಿದ್ದಾರೆ? ಆದರೆ ಆ ಕೊಡೆ ಮಳೆಗಲ್ಲ. ಯಾವುದೋ ಲಾರ್ಡ್‌ನ ಬಂಗಲೆಯ ತೋಟದಲ್ಲಿ, ಮುಂದಿದ್ದವರು ಕಾರಂಜಿಯತ್ತ ಕತ್ತು ತಿರುಗಿಸಿದ ಗಳಿಗೆಯಲ್ಲಿ, ಗಿಡವೊಂದರ ಎಳೆ ತುದಿ ಪಟಕ್ಕನೆ ಮುರಿದು ಆ ಕೊಡೆಯ ಮಡಿಕೆಯೊಳಗೆ ಜಾರುತ್ತಿತ್ತು. ಮಿಕ್ಕ ಸರಂಜಾಮೆಲ್ಲ ಕೈಚೀಲದಲ್ಲಿ: ಉಗುರು ಕತ್ತರಿ, ಒದ್ದೆ ಸ್ಪಂಜು, ಸ್ಯಾಂಡ್‌ವಿಚ್ ಕಟ್ಟಿಕೊಂಡು ಬಂದಿದ್ದ ಪ್ಲಾಸ್ಟಿಕ್ ಚೀಲ.

ಇದನ್ನು ಯಾರಾದರೂ ಕಳ್ಳತನ ಎಂದಿದ್ದರೆ ಮೇವಿಸ್‌ಗೆ ಕೆಂಡದಂಥ ಕೋಪ ಬರುತ್ತಿತ್ತು. ಊರಲ್ಲಿ ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ಯಾರೂ ಅನ್ನಲಿಲ್ಲ, ಅದು ಬೇರೆ ಮಾತು. ಅವಳಿಗೂ ಒಂದು ನೇಮನಿಷ್ಠೆ ಇತ್ತು. ಹೂವನ್ನು ಮುಟ್ಟಕೂಡದು. ಬೇರು ಕೀಳಕೂಡದು. ಕುಂಡದ ಗಿಡದ ತಂಟೆಗೆ ಹೋಗಕೂಡದು. ಒಂದು ಗಿಡಕ್ಕೆ ಒಂದೇ ತುದಿ, ಅದೂ ಕತ್ತರಿಸಿದ ಗಾಯ ಕಾಣದ ಹಾಗೆ. "ಚಿವುಟಿದ್ರೆ ಗಿಡ ಇನ್ನೂ ಚೆನ್ನಾಗಿ ಕವಲೊಡೆಯುತ್ತೆ. ಅವರೇ ನನಗೆ ಥ್ಯಾಂಕ್ಸ್ ಹೇಳ್ಬೇಕು," ಎಂದು ತನಗೆ ತಾನೇ ಸಮಾಧಾನ ಹೇಳಿಕೊಳ್ಳುತ್ತಿದ್ದಳು.

ಹೀಗೆ ಮೂವತ್ತು ಬೇಸಿಗೆಗಳಲ್ಲಿ ಅವಳ ಹಿತ್ತಿಲು ತುಂಬಿತ್ತು. ಹಿತ್ತಿಲೆಂದರೆ ಎಷ್ಟು, ಎರಡು ಕಂಬಳಿ ಹಾಸಿದರೆ ಮುಗಿಯಿತು. ಅಷ್ಟರಲ್ಲೇ ಇಂಗ್ಲೆಂಡಿನ ಅರ್ಧ ಶ್ರೀಮಂತಿಕೆ ಒತ್ತಿಕೊಂಡು ಬೆಳೆದಿತ್ತು. ಗಿಡಗಳನ್ನು ಅವಳು ಕರೆಯುತ್ತಿದ್ದದ್ದು ಹುಟ್ಟಿದ ಬಂಗಲೆಯ ಒಡೆಯರ ಬಿರುದಿನಿಂದಲೇ. ಡ್ಯೂಕ್ ಈ ವರ್ಷ ಸೊರಗಿದ್ದಾನೆ. ಕೌಂಟೆಸ್‌ಗೆ ಹುಳ ಬಿದ್ದಿದೆ. ಆ ಬಿಷಪ್ ಒಬ್ಬ, ಎಷ್ಟು ಸವರಿದರೂ ಪಕ್ಕದವರ ಮೈಮೇಲೆ ಬೀಳುತ್ತಾನೆ.

ಹಿತ್ತಿಲಿನ ಬಾಗಿಲು ದಾಟಿ ಬೀದಿಗೆ ಬಂದರೆ ಮಾತ್ರ ಅವಳು ಬೇರೆಯೇ ಮೇವಿಸ್. ಊರಿನ ಅಂಚೆ ಕಚೇರಿಯ ಕಿಟಕಿಯ ಹಿಂದೆ ನಲವತ್ತು ವರ್ಷ ಕೂತವಳು. ಒಂದು ಕಾಗದ ಕಳೆದಿಲ್ಲ, ಒಬ್ಬರ ಪಾರ್ಸೆಲ್ ಇನ್ನೊಬ್ಬರಿಗೆ ಹೋಗಿಲ್ಲ. ರಜೆಗೆ ಹೋಗುವವರು ಮನೆಯ ಬೀಗದ ಕೈ ಅವಳ ಕೈಗೇ ಕೊಟ್ಟು ಹೋಗುತ್ತಿದ್ದರು. ಅವಳ ಪ್ರಾಮಾಣಿಕತೆಯ ಡಂಗುರ ಸಾರಲು ಒಬ್ಬಳು ಖಾಯಂ ಇದ್ದಳು: ನಾದಿನಿ ಗ್ವೆಂಡಾ. ನಾಲ್ಕು ವರ್ಷದ ಹಿಂದೆ ತೀರಿಕೊಂಡ ಗಂಡ ಲಯನೆಲ್‌ನ ತಂಗಿ. ಮದುವೆಯಾಗಲಿಲ್ಲ, ಮಕ್ಕಳಿಲ್ಲ, ಹೇಳಿಕೊಳ್ಳುವಂಥ ಬೇರೆ ಸಂಗತಿಯೂ ಇಲ್ಲ. "ನಮ್ಮ ಮೇವಿಸ್ ಇದ್ದಾಳಲ್ಲ, ದಾರೀಲಿ ಗುಂಡುಸೂಜಿ ಸಿಕ್ಕಿದ್ರೂ ಯಾರದು ಅಂತ ಕೂಗ್ತಾಳೆ," ಎಂದು ಬಸ್ಸಿನಲ್ಲಿ, ಚರ್ಚಿನಲ್ಲಿ, ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದುಕೊಂಡೂ ಹೇಳುತ್ತಿದ್ದಳು. ಕೇಳಿದಾಗಲೆಲ್ಲ ಮೇವಿಸ್ ಮಾತು ಬದಲಿಸುತ್ತಿದ್ದಳು.

ಬಂಗಲೆಗಳನ್ನು ನೋಡಲು ಗ್ವೆಂಡಾಳೂ ಬರುತ್ತಿದ್ದಳು, ಆದರೆ ಅವಳಿಗೆ ಗಿಡವೆಂದರೆ ಹಸಿರು ಬಣ್ಣದ್ದು ಎಂಬಷ್ಟೇ ಗೊತ್ತು. ಅವಳ ಆಸಕ್ತಿಯೆಲ್ಲ ಒಳಗಿನ ಮಂಚಗಳ ಮೇಲೆ. ಯಾವ ಲಾರ್ಡ್ ಯಾವ ಮಂಚದಲ್ಲಿ ಯಾರ ಹೆಂಡತಿಯೊಂದಿಗೆ ಮಲಗಿದ್ದ ಎಂದು ಕೋಣೆ ಕಾಯುವವರನ್ನು ಪೀಡಿಸಿ ತಿಳಿದುಕೊಂಡರೆ ಅವಳ ದಿನ ಸಾರ್ಥಕ. ಆಮೇಲೆ ಟೀ, ಸ್ಕೋನು ಎಂಬ ಬನ್ನು, ಜಾಮು, ಕೆನೆ. ಅಲ್ಲಿ ಕೂತಳೆಂದರೆ ಮುಕ್ಕಾಲು ಗಂಟೆ ಏಳುತ್ತಿರಲಿಲ್ಲ. ಮೇವಿಸ್‌ಗೆ ಬೇಕಿದ್ದದ್ದೂ ಅದೇ.

ಈ ಜೂನ್‌ನಲ್ಲಿ ಇಬ್ಬರೂ ಮಾರ್ಲಿಂಗ್‌ವುಡ್ ಹೌಸ್‌ಗೆ ಹೋದರು. ಹನ್ನೊಂದು ವರ್ಷದ ಮೇಲೆ ಎರಡನೇ ಸಲ. ಗೋಡೆ ಕಟ್ಟಿದ ಹಳೆಯ ತೋಟದೊಳಗೆ ಕಾಲಿಟ್ಟರೆ, ನಟ್ಟನಡುವೆ ಒಂದು ಪಾತಿ ಖಾಲಿ. ಅದರ ಮುಂದೆ ಒಂದು ಬೋರ್ಡು. ಗ್ವೆಂಡಾ ಕನ್ನಡಕ ಏರಿಸಿ ಗಟ್ಟಿಯಾಗಿ ಓದಿದಳು: "ಇನ್ನೂರು ವರ್ಷ ಇಲ್ಲಿದ್ದ ಲೇಡಿ ಹೊನೋರಿಯಾ ಈಗ ನಮ್ಮೊಂದಿಗಿಲ್ಲ. ಅಯ್ಯೋ ಪಾಪ! ಇನ್ನೂರು ವರ್ಷ ಬದುಕಿದ್ಲಂತೇನೆ?"

"ಅದು ಹೂವಿನ ಹೆಸರು ಕಣೇ. ಕಾರ್ನೇಷನ್," ಎಂದಳು ಮೇವಿಸ್.

ಮುಂದಿನದನ್ನು ಅವಳೇ ಓದಿದಳು. ಎಂಟು ವರ್ಷದ ಹಿಂದಿನ ಚಳಿಗಾಲದಲ್ಲಿ ನೀರು ನಿಂತು ಗಿಡಗಳೆಲ್ಲ ಕೊಳೆತವು. ಈ ತಳಿ ಬೇರೆಲ್ಲೂ ಇಲ್ಲ. ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಮುಖ್ಯ ತೋಟಗಾರರಿಗೆ ತಿಳಿಸಿ. ಬೇರೆಲ್ಲೂ ಇಲ್ಲದ ಆ ಲೇಡಿ, ಬಿಳಿ ಎಸಳಿಗೆ ಕಡುಗೆಂಪು ಅಂಚು, ಲವಂಗದ ಪರಿಮಳ, ಹ್ಯಾಗಲ್ಬಿಯ ಹಿತ್ತಿಲಲ್ಲಿ ಕಸದ ಡಬ್ಬಿಯ ಪಕ್ಕ ಕೂತಿದ್ದಳು.

ಹೇಳಿದರೆ ಕೊಟ್ಟವರು ಯಾರು ಎಂದು ಕೇಳುತ್ತಾರೆ. ಹೇಳದಿದ್ದರೆ ಗಿಡ ತನ್ನ ಜೊತೆಗೇ ಮುಗಿಯುತ್ತದೆ. ಅದಕ್ಕೂ ವಯಸ್ಸಾಗಿತ್ತು, ಬುಡವೆಲ್ಲ ಸೌದೆಯಂತಾಗಿತ್ತು. ಮನೆಗೆ ಬಂದವಳೇ ಹತ್ತು ತುದಿ ಎಳೆದು ಮರಳಿಗೆ ಚುಚ್ಚಿದಳು. ಮೂರು ಬೇರು ಬಿಟ್ಟವು. ಆಗಸ್ಟ್‌ನ ಸೆಕೆಗೆ ತಾಯಿಗಿಡ ಒಣಗಿಹೋಯಿತು. ಅಲ್ಲಿಗೆ ಲೋಕದಲ್ಲಿ ಉಳಿದದ್ದು ಆ ಮೂರೇ ಕಡ್ಡಿ.

ಹೆಸರಿಲ್ಲದೆ ಅಂಚೆಯಲ್ಲಿ ಕಳಿಸಿಬಿಡೋಣ ಎಂದು ಪೊಟ್ಟಣ ಕಟ್ಟಿ ಕಿಟಕಿಯ ಮುಂದೆ ನಿಂತಳು. ಈಗ ಅಲ್ಲಿ ಕೂರುವ ಹುಡುಗಿ, "ಒಳಗೇನಿದೆ ಮಿಸೆಸ್ ಟಾಪ್ಲಿ?" ಎಂದಳು. ದಿನಕ್ಕೆ ನೂರು ಸಲ ಕೇಳುವ ಪ್ರಶ್ನೆ. ಕಾಲುಚೀಲ ಅಂದಿದ್ದರೆ ಮುಗಿಯುತ್ತಿತ್ತು. ನಲವತ್ತು ವರ್ಷ ಅದೇ ಪ್ರಶ್ನೆ ಕೇಳಿದವಳಿಗೆ ಆ ಕಿಟಕಿಯ ಮುಂದೆ ಮಾತ್ರ ಸುಳ್ಳು ಬಾಯಿಗೆ ಬರಲಿಲ್ಲ. "ಬೇಡ ಬಿಡು ಚಿನ್ನಾ," ಎಂದು ಪೊಟ್ಟಣ ಅವಚಿಕೊಂಡು ವಾಪಸು ಬಂದಳು.

ಉಳಿದದ್ದು ಒಂದೇ ದಾರಿ. ತಂದ ಹಾಗೆಯೇ ಇಟ್ಟು ಬರುವುದು.

ಸೆಪ್ಟೆಂಬರ್‌ನಲ್ಲಿ ಒಬ್ಬಳೇ ಹೊರಟರೆ ಗ್ವೆಂಡಾ ಬಿಟ್ಟಾಳೆಯೇ? "ಆ ಮೂರನೇ ಮಂಚದ ಕತೆ ಅರ್ಧಕ್ಕೇ ನಿಂತಿತ್ತು," ಎಂದು ತಾನೂ ಬಸ್ಸು ಹತ್ತಿದಳು. ಮಾರ್ಲಿಂಗ್‌ವುಡ್‌ನ ಬಾಗಿಲಲ್ಲಿ ಗಿಡ, ಬೀಜ, ಕಡ್ಡಿ ಏನನ್ನೂ ಹೊರಗೆ ಒಯ್ಯಬಾರದೆಂದು ದೊಡ್ಡಕ್ಷರದ ಬೋರ್ಡಿತ್ತು. ಒಳಗೆ ತರಬಾರದೆಂದು ಬರೆಯಬೇಕೆಂದು ಯಾರ ತಲೆಗೂ ಹೊಳೆದಿರಲಿಲ್ಲ. ಆದರೂ ಬಾಗಿಲು ಕಾಯುವ ಮುದುಕ ಚೀಲದೊಳಗೆ ಇಣುಕಿ, "ಹಸಿರು ಏನದು?" ಎಂದ.

"ಊಟ. ಸಲಾಡು."

"ತೋಟದೊಳಗೆ ತಿನ್ನೋ ಹಾಗಿಲ್ಲ."

"ದೇವರಾಣೆ ತಿನ್ನಲ್ಲ," ಎಂದಳು ಮೇವಿಸ್. ಅಷ್ಟು ಮಾತ್ರ ನಿಜ.

ಗ್ವೆಂಡಾಳನ್ನು ಟೀಗೆ ಅಟ್ಟಿ, ಅವಳು ಸೀದಾ ಖಾಲಿ ಪಾತಿಗೆ ಬಂದಳು. ಸುತ್ತ ಯಾರೂ ಇರಲಿಲ್ಲ. ಮೊಣಕಾಲೂರಿ, ಪಾಯಸದ ಚಮಚದಿಂದ ಮೂರು ಗುಣಿ ತೋಡಿ, ಮೂರು ಸಸಿ ಇಳಿಸಿ, ಮಣ್ಣು ಒತ್ತಿದಳು. ಕೆಲಸ ಸೊಗಸಾಗಿ ಮುಗಿಯಿತು. ಏಳುವುದನ್ನು ಮಾತ್ರ ಅವಳು ಲೆಕ್ಕಕ್ಕೆ ಹಿಡಿದಿರಲಿಲ್ಲ.

"ಏನ್ ಮಾಡ್ತಿದ್ದೀರಿ? ಏಳಿ ಮೇಲೆ!"

ಹಿಂದೆ ನಿಂತಿದ್ದವಳು ಮುಖ್ಯ ತೋಟಗಾರ್ತಿ ರೋವೀನಾ ಲಾಂಗ್‌ಸ್ಟಾಫ್. ಮೂವತ್ತೈದರ ಗಟ್ಟಿ ಹೆಂಗಸು, ಕೈಯಲ್ಲಿ ತಳ್ಳುಗಾಡಿ.

"ಏಳೋಕಾಗಿದ್ರೆ ಎದ್ದಿರ್ತಿದ್ದೆ ತಾಯಿ. ಮಂಡಿ ಹಿಡ್ಕೊಂಡಿದೆ, ಒಂಚೂರು ಕೈ ಕೊಡು."

ರೋವೀನಾ ಕೈ ಕೊಟ್ಟು ಎತ್ತಿದಳು, ಎತ್ತಿದ ಕೈ ಬಿಡಲಿಲ್ಲ. "ಚಮಚ ಬೇರೆ ತಂದಿದ್ದೀರಿ! ಗಿಡ ಕೀಳೋಕೆ ಬಂದಿದ್ದೀರಾ?" ಎಂದು ಗದರಿದಳು. ಆ ದನಿಗೆ ಟೀ ಕುಡಿಯುತ್ತಿದ್ದವರೆಲ್ಲ ಕಪ್ಪು ಹಿಡಿದುಕೊಂಡೇ ಬಂದರು. ಎಲ್ಲರಿಗಿಂತ ಮುಂದೆ, ಮೇಲ್ದುಟಿಗೆ ಕೆನೆ ಮೆತ್ತಿಕೊಂಡ ಗ್ವೆಂಡಾ.

"ಯಾರನ್ನೇ ಹೀಗೆ ಹಿಡ್ಕೊಂಡಿರೋದು? ಬಿಡು ಕೈ! ನಲವತ್ತು ವರ್ಷ ಅಂಚೆ ಕಚೇರೀಲಿ ಕೂತೋಳು ಇವಳು. ಒಂದು ಸ್ಟ್ಯಾಂಪು ಆಚೀಚೆ ಆಗಿಲ್ಲ!"

"ನಾನು ಕೀಳ್ಲಿಲ್ಲ, ನೆಟ್ಟೆ," ಎಂದಳು ಮೇವಿಸ್.

ರೋವೀನಾ ಬಗ್ಗಿ ನೋಡಿದಳು. ನಿಜವೇ, ಖಾಲಿ ಪಾತಿಯಲ್ಲಿ ಮೂರು ಸಸಿ. ಅವಳ ಮುಖ ಇನ್ನೂ ಬಿಗಿಯಿತು. "ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಗಿಡ ಈ ಗೋಡೆಯೊಳಗೆ ಇರೋ ಹಾಗಿಲ್ಲ. ರೋಗ ತರುತ್ತೆ. ಸುಡೋದೇ," ಎಂದು ಮೂರನ್ನೂ ಕಿತ್ತು ತಳ್ಳುಗಾಡಿಗೆ ಎಸೆದಳು.

"ಅಯ್ಯೋ ಸುಡಬೇಡ! ಅದು ಹೊನೋರಿಯಾ!"

"ಈ ಬೇಸಿಗೇಲಿ ಇಪ್ಪತ್ತು ಜನ ಹೊನೋರಿಯಾ ತಂದ್ರು. ಇಪ್ಪತ್ತೂ ಸುಳ್ಳು. ಇದು ನಿಮಗೆ ಸಿಕ್ಕಿದ್ದೆಲ್ಲಿ?"

ಸಂತೆಯಲ್ಲಿ ಸಿಕ್ಕಿತು, ಅತ್ತೆ ಕೊಟ್ಟಳು, ಇಂಥ ಉತ್ತರಗಳು ನಾಲಿಗೆಯ ತುದಿಗೇ ಬಂದವು. ಹೇಳಿದ್ದರೆ ಮಾನ ಉಳಿಯುತ್ತಿತ್ತು, ಗಿಡ ಬೆಂಕಿಗೆ ಹೋಗುತ್ತಿತ್ತು. ಮೇವಿಸ್ ಗ್ವೆಂಡಾಳ ಕಡೆ ನೋಡಲಿಲ್ಲ.

"ಇಲ್ಲೇ," ಎಂದಳು.

"ಇಲ್ಲಿಂದ ಯಾರಿಗೂ ಮಾರಿಲ್ಲ, ಕೊಟ್ಟಿಲ್ಲ."

"ಕೊಡ್ಲಿಲ್ಲ. ನಾನೇ ಕದ್ದೆ."

"ಸುಳ್ಳು!" ಎಂದು ಕಿರುಚಿದಳು ಗ್ವೆಂಡಾ. "ಬಿಸಿಲು ತಲೆಗೇರಿದೆ ಇವಳಿಗೆ. ಯಾರಾದ್ರೂ ನೀರು ಕೊಡಿ."

"ಬಿಸಿಲೂ ಇಲ್ಲ ಮಣ್ಣೂ ಇಲ್ಲ. ಕದ್ದಿದ್ದೀನಿ ಅಂದ್ರೆ ಕದ್ದಿದ್ದೀನಿ."

"ಏನು ಗುರುತು?" ಎಂದಳು ರೋವೀನಾ. ದನಿ ಬದಲಾಗಿತ್ತು.

"ಹನ್ನೊಂದು ವರ್ಷದ ಹಿಂದೆ, ಜೂನ್‌ನಲ್ಲಿ. ಆ ಮೂಲೇಲಿ ಸೀಸದ ತೊಟ್ಟಿ ಇತ್ತು, ಅದರ ಮೇಲೆ ಸಿಂಹದ ಮುಖ, ಮೂಗು ಮುರಿದಿತ್ತು. ತೊಟ್ಟಿ ಕಡೆಯಿಂದ ಮೂರನೇ ಗಿಡ. ಎಡಗಡೆ ತುದಿ."

ರೋವೀನಾ ಕೈ ಸಡಿಲಿಸಿದಳು. ಆ ತೊಟ್ಟಿ ನೀರು ನಿಂತ ವರ್ಷವೇ ಒಡೆದು ಹೋಗಿತ್ತು. "ನಿಜವಾಗ್ಲೂ ಕದ್ರಾ?" ಎಂದಳು, ಆಸೆಯಿಂದ. "ಖಂಡಿತಾ? ಇಲ್ಲಿಂದಲೇ? ಬೇರೆ ಕಡೆ ಕದ್ದು ಮರೆತಿಲ್ಲ ತಾನೆ?"

"ಬೇರೆ ಕಡೇನೂ ಕದ್ದಿದ್ದೀನಿ. ಇದು ಮಾತ್ರ ಇಲ್ಲಿಂದಲೇ."

"ಅವಳು ಕಳ್ಳಿ ಅಲ್ಲ!" ಗ್ವೆಂಡಾಳ ಕಣ್ಣಲ್ಲಿ ನೀರಿತ್ತು. "ನಮ್ಮ ಮೇವಿಸ್ ಅಂಥೋಳಲ್ಲ!"

"ಹೌದು ಕಣೇ, ಅಂಥೋಳೇ! ನಿನ್ನ ಎಪ್ಪತ್ತನೇ ಹುಟ್ಟುಹಬ್ಬಕ್ಕೆ ಜೆರೇನಿಯಂ ಕೊಟ್ಟೆನಲ್ಲ, ದಿನಾ ಮುದ್ದು ಮಾಡ್ತೀಯಲ್ಲ, ಅದೂ ಕದ್ದಿದ್ದೇ. ಡ್ಯೂಕ್ ಕದ್ದಿದ್ದು, ಕೌಂಟೆಸ್ ಕದ್ದಿದ್ದು. ಬಿಷಪ್‌ನ ಅವನ ಅರಮನೆ ಬಾಗಿಲಲ್ಲೇ ಕದ್ದೆ!"

ಕಪ್ಪು ಹಿಡಿದು ನಿಂತಿದ್ದ ಹೆಂಗಸರಲ್ಲಿ ನಾಲ್ಕೈದು ಮಂದಿ ತಮ್ಮ ಕೈಚೀಲವನ್ನು ಬೆನ್ನ ಹಿಂದೆ ಸರಿಸಿಕೊಂಡದ್ದನ್ನು ಮೇವಿಸ್ ಗಮನಿಸಿದಳು.

ರೋವೀನಾ ಆಗಲೇ ಸಸಿಗಳನ್ನು ಗಾಡಿಯಿಂದ ಎತ್ತಿಕೊಂಡಿದ್ದಳು. ಅದೇ ಪಾಯಸದ ಚಮಚ ಕೇಳಿ ಪಡೆದು ಮತ್ತೆ ನೆಟ್ಟಳು. ಆಮೇಲೆ ತೋಟದ ದಫ್ತರ ತರಿಸಿ, ಗಿಡ ಬಂದ ಮೂಲ ಎಂಬ ಜಾಗದಲ್ಲಿ, 'ಇದೇ ತೋಟದಿಂದ ಮಿಸೆಸ್ ಟಾಪ್ಲಿ ಕದ್ದದ್ದು, ಅವರೇ ಮರಳಿಸಿದ್ದು' ಎಂದು ದುಂಡಗೆ ಬರೆದು ಸಹಿ ಹಾಕಿಸಿಕೊಂಡಳು.

ಬಸ್ಸಿನಲ್ಲಿ ಗ್ವೆಂಡಾ ಕಿಟಕಿಯ ಕಡೆ ಮುಖ ಹಾಕಿ ಕೂತಳು. ನಾಳೆ ಬೆಳಗಾಗುವುದರೊಳಗೆ ಹ್ಯಾಗಲ್ಬಿಯ ಬೀಗದ ಕೈಗಳೆಲ್ಲ ವಾಪಸು ಹೋಗುತ್ತವೆ ಎಂದು ಮೇವಿಸ್ ಯೋಚಿಸುತ್ತಿದ್ದಳು.

"ಲಯನೆಲ್‌ಗೆ ಗೊತ್ತಿತ್ತಾ?" ಎಂದಳು ಗ್ವೆಂಡಾ, ಕಿಟಕಿಗೇ.

"ಕಾವಲು ನಿಲ್ತಿದ್ದ. ಯಾರಾದ್ರೂ ಬಂದ್ರೆ ಕೆಮ್ತಿದ್ದ."

"ಅದು ಕೆಮ್ಮಲ್ವಾ? ವರ್ಷಾವರ್ಷ ಅವನಿಗೆ ಜೇನುತುಪ್ಪದ ಕಷಾಯ ಮಾಡಿ ಕಳಿಸ್ತಿದ್ದೆನಲ್ಲೇ!"

"ಕುಡೀತಿದ್ದ, ಪಾಪ."

ಗ್ವೆಂಡಾ ಮೂಗು ಒರೆಸಿಕೊಂಡಳು. "ಪ್ರತಿ ಸಲ ನನ್ನ ಟೀಗೆ ಕಳಿಸ್ತಿದ್ರಿ. ನೀವಿಬ್ಬರೂ ಆ ಕಡೆ ಹೋಗ್ತಿದ್ರಿ. ನಾನೊಬ್ಬಳೇ ಕೂತು ಸ್ಕೋನು ತಿಂತಿದ್ದೆ. ನಾನು ಜೊತೇಲಿದ್ರೆ ನಿಮಗೆ ಬೇಜಾರು ಅಂದ್ಕೊಂಡಿದ್ದೆ ಮೇವಿಸ್. ಇಷ್ಟು ವರ್ಷವೂ."

ಅಷ್ಟು ಜನರೆದುರು ಕದ್ದೆ ಎಂದು ಕೂಗಿ ಹೇಳುವಾಗ ಬಾರದಿದ್ದ ನಾಚಿಕೆ ಮೇವಿಸ್‌ಗೆ ಈಗ ಬಂತು. ಅವಳು ಗ್ವೆಂಡಾಳ ಕೈ ಹಿಡಿದುಕೊಂಡಳು. ಗ್ವೆಂಡಾ ಬಿಡಿಸಿಕೊಳ್ಳಲಿಲ್ಲ.

"ಕೆಮ್ಮೋಕೆ ನನಗೂ ಬರುತ್ತೆ," ಎಂದಳು.