ಹೊರಟವರನ್ನು ಕೇಳಬಾರದ ಪ್ರಶ್ನೆ

ಅಣ್ಣ ‘ಹೋಗಿ ಬರ್ತೀನಿ’ ಎಂದಾಗ ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಅದೇ ಸಂಜೆ ಅವನು ಊರಿನವರ ಮುಂದೆ ತಲೆ ಬಾಗಿಸಿ, ಹೇಳದೆ ಹೋದದ್ದು ತನ್ನದೇ ತಪ್ಪು ಎಂದಾಗ, ‘ಇಲ್ಲ, ನನಗೆ ಹೇಳಿಯೇ ಹೋಗಿದ್ದ’ ಎಂದು ಬಾಯಿ ಬಿಡಲಿಲ್ಲ. ಮೊದಲನೆಯದನ್ನು ಯಾರಾದರೂ ಕ್ಷಮಿಸಬಹುದು. ಎರಡನೆಯದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಅದು 2023ರ ನವೆಂಬರ್. ನಾನಾಗ ಜಪಾನಿನ ಕಿಸೋ ಕಣಿವೆಯಲ್ಲಿ ಹಳೆಯ ಹೆದ್ದಾರಿಯ ಗೈಡ್. ರೈಲು ಬರುವ ಮೊದಲು ಜನ ಕ್ಯೋಟೋದಿಂದ ಎದೋಗೆ, ಅಂದರೆ ಇಂದಿನ ಟೋಕಿಯೋಗೆ, ಬೆಟ್ಟಗಳ ನಡುವೆ ನಡೆದು ಹೋಗುತ್ತಿದ್ದ ದಾರಿಯ ಹೆಸರು ನಕಾಸೆಂದೋ. ಅದರ ಕೆಲವು ತುಂಡುಗಳು ಇಂದಿಗೂ ಉಳಿದಿವೆ. ಕಲ್ಲು ಹಾಸಿದ ಏರು, ದೂರ ತೋರಿಸಲು ಹಾಕಿದ ಮಣ್ಣಿನ ದಿಬ್ಬ, ಪ್ರಯಾಣಿಕರು ತಂಗುತ್ತಿದ್ದ ಮರದ ಮನೆಗಳ ಊರು. ಇವನ್ನೆಲ್ಲ ತೋರಿಸುತ್ತ, ಒಂದು ಘಟ್ಟ ಹತ್ತಿಸಿ ಆಚೆ ಊರಿಗೆ ಇಳಿಸುವುದು ನನ್ನ ಕೆಲಸ.

ನಾನು ಓದಿದ್ದು ಎಸ್ಸೆಸ್ಸೆಲ್ಸಿ, ಅದೂ ಗಣಿತದಲ್ಲಿ ಫೇಲ್. ನನ್ನ ಗಂಡ ನಗೋಯಾದ ಒಂದು ಇಂಡಿಯನ್ ಹೋಟೆಲಿನಲ್ಲಿ ಅಡುಗೆಯವರು. ನಾನು ಬೆಂತೋ ಕಾರ್ಖಾನೆಯಲ್ಲಿ ಡಬ್ಬಿಗಳಿಗೆ ಅನ್ನ ತುಂಬುತ್ತ, ಅಕ್ಕಪಕ್ಕದ ಹೆಂಗಸರ ಜಗಳ ಕೇಳಿ ಕೇಳಿ ಜಪಾನಿ ಭಾಷೆ ಕಲಿತೆ. ಸರ್ಕಾರದ ಪರೀಕ್ಷೆ ಪಾಸಾಗದವರೂ ಸಂಬಳಕ್ಕೆ ಗೈಡ್ ಕೆಲಸ ಮಾಡಬಹುದೆಂದು ಕಾನೂನು ಬದಲಾದ ಮೇಲೆ ಅರ್ಜಿ ಹಾಕಿದೆ. ‘ಮಗ್ಗಿ ಬರದವಳು ಹಿಸ್ಟರಿ ಹೇಳ್ತಾಳಂತೆ’ ಎಂದು ನಕ್ಕವರಲ್ಲಿ ನಮ್ಮ ಕನ್ನಡದವರೇ ಹೆಚ್ಚು. ನಗಲಿ ಬಿಡಿ. ಆ ದಾರಿಯನ್ನು ನಾನು ಕಾಲಿನಿಂದ ಕಲಿತೆ, ಬಾಯಿಂದ ಹೇಳಿದೆ, ಕೇಳಿದವರು ಮತ್ತೆ ಬಂದರು. ಅದರ ಬಗ್ಗೆ ನನಗೆ ಈಗಲೂ ನಾಚಿಕೆಯಿಲ್ಲ.

ಕೆಲಸ ಕಲಿಸಿದವರು ಮೊರಿಟಾ-ಸಾನ್. ಅರವತ್ತು ದಾಟಿದ ಹೆಂಗಸು, ಆ ಕಣಿವೆಯಲ್ಲೇ ಹುಟ್ಟಿದವರು. ಗೈಡ್ ಮುಂದೆ, ಎಲ್ಲರಿಗಿಂತ ನಿಧಾನ ನಡೆಯುವವರು ಗೈಡಿನ ಬೆನ್ನಿಗೇ, ಇನ್ನೊಬ್ಬ ಗೈಡ್ ಕೊನೆಯಲ್ಲಿ. ಇದು ಅವರ ಸಾಲಿನ ಕ್ರಮ. ಯಾರೇ ಸಾಲು ಬಿಟ್ಟು ಹೋಗುವುದಾದರೂ ಗೈಡ್ ‘ಎಲ್ಲಿಗೆ?’ ಎಂದು ಕೇಳಬೇಕು. ಅವರು ಹೇಳಿದ ಜಾಗದ ಕಡೆ ಬೆರಳು ತೋರಿಸಿ, ಅದರ ಹೆಸರನ್ನು ಗಟ್ಟಿಯಾಗಿ ತಿರುಗಿ ಹೇಳಬೇಕು. ಜಪಾನಿನ ರೈಲು ಚಾಲಕರು ಸಿಗ್ನಲ್ ನೋಡಿ ಬೆರಳು ತೋರಿಸಿ ಕೂಗುತ್ತಾರಲ್ಲ, ಹಾಗೆಯೇ. ಜಪಾನಿನವರ ಜೊತೆ ನಾನು ಇದನ್ನು ಒಂದು ದಿನವೂ ಮರೆಯಲಿಲ್ಲ. ಆದರೆ ನಮ್ಮವರ ಬಾಯಲ್ಲಿ ‘ಹೋಗಿ ಬರ್ತೀನಿ’ ಎಂದು ಕೇಳಿದ ಕೂಡಲೇ ನನ್ನ ನಾಲಿಗೆ ಮೈಸೂರಿಗೆ ಹೋಗಿಬಿಡುತ್ತಿತ್ತು. ಹೊರಟವರನ್ನು ಎಲ್ಲಿಗೆ ಎಂದು ಕೇಳಿದರೆ ಹೋದ ಕೆಲಸ ಕೆಡುತ್ತದೆ ಎಂದು ಅಮ್ಮ ನಮಗೆ ತಲೆಗೆ ಮೊಟಕಿ ಕಲಿಸಿದ್ದಳು.

ಆ ಭಾನುವಾರ ಬಂದದ್ದು ನಗೋಯಾದ ಕನ್ನಡದ ಕುಟುಂಬಗಳು, ಬಹುತೇಕ ಕಾರಿನ ಬಿಡಿಭಾಗ ತಯಾರಿಸುವ ಕಂಪನಿಗಳ ಇಂಜಿನಿಯರುಗಳು. ಕರೆದುಕೊಂಡು ಬಂದವನು ನನ್ನ ಅಣ್ಣ ಮಂಜುನಾಥ. ಅವನೂ ಇಂಜಿನಿಯರ್. ಅವರ ಗುಂಪಿನ ಎಲ್ಲ ಪ್ರವಾಸಗಳಿಗೂ ಅವನೇ ಮುಂದಾಳು. ‘ನನ್ನ ತಂಗಿ ಗೈಡು’ ಎಂದು ಎಲ್ಲರಿಗೂ ಹೇಳಿಕೊಂಡೇ ಬಂದಿದ್ದ.

ಘಟ್ಟದ ಮೇಲಿನ ಸೂರಿನಡಿ ಊಟಕ್ಕೆ ಕೂತೆವು. ಒಂದು ಕಡೆ ಪುಳಿಯೋಗರೆ, ಇನ್ನೊಂದು ಕಡೆ ಕೊಂಬಿನಿ ಅಂಗಡಿಯಿಂದ ತಂದ ಅನ್ನದ ಉಂಡೆ. ಊಟದ ನಡುವೆ ನಾನು ಕುದುರೆಗಳ ಕಥೆ ಹೇಳಿದೆ. ಹೊರೆ ಹೊತ್ತು ದಾರಿಯಲ್ಲೇ ಸತ್ತ ಕುದುರೆಗಳಿಗಾಗಿ ಇಲ್ಲಿಯವರು ಕುದುರೆ ಮುಖದ ಕನ್ನೋನ್ ದೇವರ ಕಲ್ಲು ನಿಲ್ಲಿಸುತ್ತಿದ್ದರು.

“ನಮ್ಮ ಹಯಗ್ರೀವನೇ ಇಲ್ಲಿಗೆ ಬಂದು ಹಾಗಾಗಿದ್ದಾನೆ. ಮೇಲಿನ ಹಳೇ ದಾರೀಲಿ ಒಂದು ಕಲ್ಲಿದೆ. ಆದ್ರೆ ಆ ದಾರಿ ಕುಸಿದಿದೆ, ಇವತ್ತು ಹೋಗಲ್ಲ” ಎಂದೆ.

“ಹಯಗ್ರೀವ ಅಂದ್ರೆ ಸ್ವೀಟಲ್ವಾ ಪದ್ಮಾ? ತಂದಿದ್ರೆ ಬಡ್ಸು!” ಎಂದು ಯಾರೋ ಅಂದರು. ಎಲ್ಲರೂ ನಕ್ಕರು.

ನಾನು ಒಬ್ಬ ಹೆಂಗಸಿನ ಕಾಲಿನ ಬೊಬ್ಬೆಗೆ ಪಟ್ಟಿ ಹಚ್ಚುತ್ತಿದ್ದೆ. ಅಣ್ಣ ಬಂದು ನಿಂತ. “ಪದ್ದೂ, ಹೋಗಿ ಬರ್ತೀನಿ ಕಣೇ. ನೀವು ಹೊರಟಿರಿ, ಹಿಂದೇನೇ ಬರ್ತೀನಿ.”

“ಹ್ಞೂಂ, ಬಾ” ಎಂದೆ. ತಲೆ ಎತ್ತಲಿಲ್ಲ.

ಇಳಿಜಾರು ಮುಗಿಯುವ ಕಡೆ ತಲೆ ಎಣಿಸಿದಾಗ ಅವನಿರಲಿಲ್ಲ. ಕೊನೆಯಲ್ಲಿದ್ದ ಮೊರಿಟಾ-ಸಾನ್ ಅವನು ಮುಂದೆ ನನ್ನ ಜೊತೆಗಿದ್ದಾನೆ ಎಂದುಕೊಂಡಿದ್ದರು. ಫೋನ್ ಹತ್ತಲಿಲ್ಲ.

“ಎಲ್ಲಿಗೆ ಹೋದರು?” ಎಂದರು.

“ಟಾಯ್ಲೆಟ್ಟಿಗೆ” ಎಂದೆ. ಗೊತ್ತಿದ್ದವಳ ಹಾಗೆ ಹೇಳಿದೆ. ಗೊತ್ತಿರಲಿಲ್ಲ. ಗೈಡ್ ಆಗಿ ಗೊತ್ತಿಲ್ಲ ಎನ್ನಲು ನಾಚಿಕೆಯಾಯಿತು.

ಟಾಯ್ಲೆಟ್ ಇರುವುದು ಘಟ್ಟದ ಇನ್ನೊಂದು ಬದಿ, ಬಸ್ ರಸ್ತೆಯ ಹತ್ತಿರ. ಊರಿನ ಸ್ವಯಂಸೇವಕರು ಕೆಲಸ ಬಿಟ್ಟು ಬಂದು ನನ್ನ ಮಾತು ನಂಬಿ ಆ ಬದಿಯನ್ನೆಲ್ಲ ಹುಡುಕಿದರು. ನವೆಂಬರಿನಲ್ಲಿ ಆ ಕಣಿವೆಗೆ ಬಿಸಿಲು ಬೇಗ ತಪ್ಪುತ್ತದೆ. ಚಳಿ ಏರುತ್ತಿತ್ತು. ಕರಡಿಗಳು ಓಡಾಡುವ ಕಾಡು. ಅತ್ತಿಗೆ ಸುಧಾ ನನ್ನ ತೋಳು ಹಿಡಿದುಕೊಂಡರು.

“ಅವ್ರು ನಿನ್ ಹತ್ರ ಏನಂದ್ರು? ಕರೆಕ್ಟಾಗಿ ಹೇಳು.”

“ಹೋಗಿ ಬರ್ತೀನಿ ಅಂದ ಅತ್ತಿಗೆ, ಅಷ್ಟೇ.”

“ಅಷ್ಟೇನಾ? ನೀನು ಕೇಳ್ಳಿಲ್ವಾ?”

ಆಗಲೇ ನನಗೆ ಕುದುರೆ ಕಲ್ಲಿನ ನೆನಪಾದದ್ದು. ಮೇಲಿನ ದಾರಿಗೆ ಹೋಗಿ ಎಂದು ಕೂಗಿದೆ. ಇನ್ನೇನು ಕತ್ತಲಾಗಬೇಕು ಎನ್ನುವಾಗ ಸಿಕ್ಕಿದ. ಆ ಕಲ್ಲು ನೋಡಲು ಹೋಗಿ, ಕುಸಿದ ಜಾಗದಲ್ಲಿ ಜಾರಿ ಪಾದದ ಗಂಟು ಮುರಿದುಕೊಂಡಿದ್ದ. ತುಟಿ ನೀಲಿಯಾಗಿತ್ತು. ಮೊದಲೇ ಮೇಲಿನ ದಾರಿಗೆ ಹೋಗಿದ್ದರೆ ಅವನು ಅಷ್ಟು ಹೊತ್ತು ನಡುಗಬೇಕಿರಲಿಲ್ಲ.

ಊರಿನ ಸಭಾಭವನದಲ್ಲಿ, ಆಂಬುಲೆನ್ಸ್ ಬರುವ ಮುಂಚೆ, ಅಣ್ಣ ಇಬ್ಬರ ಹೆಗಲ ಮೇಲೆ ಕೈಹಾಕಿ ಎದ್ದು ನಿಂತ. ಹುಡುಕಲು ಬಂದವರೆಲ್ಲ ಮಣ್ಣು ಮೆತ್ತಿದ ಬೂಟಿನಲ್ಲಿ ಬಾಗಿಲ ಬಳಿ ಇದ್ದರು. ತಲೆ ಬಾಗಿಸಿ, ತನ್ನ ಹರಕು ಜಪಾನಿಯಲ್ಲಿ ಹೇಳಿದ: “ಸುಮಿಮಾಸೆನ್, ಕ್ಷಮಿಸಿ. ಹೇಳದೆ ಹೋದೆ. ತಂಗಿ ಬೇಡ ಎಂದಿದ್ದಳು. ತಪ್ಪು ನನ್ನದು.”

ಮೊರಿಟಾ-ಸಾನ್ ನನ್ನ ಕಡೆ ತಿರುಗಿದರು. “ಪದ್ಮಾ-ಸಾನ್, ಇವರು ನಿಮಗೆ ಹೇಳದೆ ಹೋದರೇ?”

“ಹೌದು” ಎಂದೆ.

ಜಪಾನಿ ಬಾರದ ಅತ್ತಿಗೆಗೆ ಅದು ಅರ್ಥವಾಗಲಿಲ್ಲ. ಅಣ್ಣನಿಗೆ ಆಯಿತು. ಅವನು ನನ್ನನ್ನು ನೋಡಲಿಲ್ಲ.

ಆ ಚಳಿಗಾಲವೆಲ್ಲ ನಾನು ನನಗೇ ಒಂದು ವಾದ ಹೇಳಿಕೊಂಡೆ. ಅವನ ಓದಿಗಾಗಿ ನನ್ನ ಓದು ನಿಂತಿತು, ನನಗಾಗಿ ಅವನು ಒಮ್ಮೆ ತಲೆ ತಗ್ಗಿಸಿದರೆ ಏನಾಯಿತು ಎಂದು. ಅದೂ ಸುಳ್ಳೇ. ನನ್ನ ಓದನ್ನು ಯಾರೂ ನಿಲ್ಲಿಸಿರಲಿಲ್ಲ. ಗಣಿತಕ್ಕೆ ಮತ್ತೆ ಕಟ್ಟು ಎಂದು ಬೇಡಿಕೊಂಡವನೇ ಅಣ್ಣ, ಕಟ್ಟದವಳು ನಾನು. ಅತ್ತ ಅವನಿಗೆ ಕಾಲಿಗೆ ಪ್ಲಾಸ್ಟರು, ಹೆಸರಿಗೆ ‘ಹಯಗ್ರೀವ’. ಹೇಳದೆ ಹೋಗುವವನ ಹಿಂದೆ ಮಕ್ಕಳನ್ನು ಹೇಗೆ ಕಳಿಸುವುದು ಎಂದು ಗುಂಪಿನವರು ಪ್ರವಾಸದ ಜವಾಬ್ದಾರಿಯನ್ನು ಬೇರೆಯವರಿಗೆ ಕೊಟ್ಟರು. ಅವನು ನಕ್ಕ; ನಿಜ ಹೇಳಹೊರಟ ಅತ್ತಿಗೆಯನ್ನೂ ‘ಬಿಡು’ ಎಂದು ತಡೆದ.

ಫೆಬ್ರವರಿಯಲ್ಲಿ ಗೈಡುಗಳ ಸಭೆ. ಆಫೀಸಿನ ಮುಖ್ಯಸ್ಥರು ಆ ವರ್ಷದ ಹೊಸ ನಿಯಮ ಓದಿದರು. ಭಾರತೀಯರ ಗುಂಪುಗಳನ್ನು ಇನ್ನು ಘಟ್ಟ ಹತ್ತಿಸುವುದು ಬೇಡ. ಅವರು ಸಾಲು ಮುರಿಯುತ್ತಾರೆ, ಹೇಳದೆ ಹೋಗುತ್ತಾರೆ. ನನಗೆ ಮೈ ಉರಿಯಿತು. ಎದ್ದು ನಿಂತ ಮೇಲೆ ಗೊತ್ತಾಯಿತು, ನನ್ನ ಆ ‘ಹೌದು’ ಮೂಲಕ ಆ ನಿಯಮವನ್ನು ಬರೆದುಕೊಟ್ಟವಳು ನಾನೇ ಎಂದು. ಆದರೂ ಕೂರಲಿಲ್ಲ.

“ಅದನ್ನು ಹೊಡೆದು ಹಾಕಿ. ಅವನು ನನಗೆ ಹೇಳಿ ಹೋದ. ಎಲ್ಲಿಗೆ ಎಂದು ಕೇಳದವಳು ನಾನು. ಗೊತ್ತಿಲ್ಲದೆ ಟಾಯ್ಲೆಟ್ ಎಂದವಳೂ ನಾನು. ಸಾಲು ಮುರಿದದ್ದು ಗೈಡ್.”

ಮುಖ್ಯಸ್ಥರು ಕಸಿವಿಸಿಗೊಂಡರು. “ಪದ್ಮಾ-ಸಾನ್, ಅದು ಮುಗಿದ ವಿಷಯ. ಈಗ ಹೇಳುವ ಅಗತ್ಯವಿರಲಿಲ್ಲ.”

“ನಿಮಗೆ ಮುಗಿದಿದೆ. ನನ್ನ ಜನರ ಮೇಲೆ ಈಗ ತಾನೇ ಬರೆದಿದ್ದೀರಿ. ತೆಗೆಯುವ ತನಕ ನಾನು ಕೂರುವುದಿಲ್ಲ.”

ಅಲ್ಲಿ ಹೀಗೆ ಯಾರೂ ಮಾತಾಡುವುದಿಲ್ಲ. ಕೊನೆಗೆ ನಿಯಮ ಹೋಯಿತು, ನನ್ನ ಮುಂದಾಳುತನವೂ ಹೋಯಿತು. ಒಂದು ವರ್ಷ ನಾನು ಬೇರೆಯವರ ಗುಂಪಿನ ಕೊನೆಯಲ್ಲಿ ನಡೆಯಬೇಕು. ಮೊರಿಟಾ-ಸಾನ್ ಹೊರಗೆ ಬಂದು ಹೇಳಿದರು: “ಕೇಳಲಿಲ್ಲ, ಅದು ಮರೆವು. ಆದರೆ ನೀವು ಗೊತ್ತಿಲ್ಲ ಎಂದಿದ್ದರೆ ನಾವು ಎರಡೂ ಕಡೆ ಹುಡುಕುತ್ತಿದ್ದೆವು.” ಕೆಲಸ ನನಗೆ ಕಲಿಸಿದ ಪಾಠ ಅಷ್ಟೇ. ಗೈಡಿನ ಬಾಯಲ್ಲಿ ‘ಗೊತ್ತಿಲ್ಲ’ ಎನ್ನುವುದೂ ಒಂದು ದಾರಿ ತೋರಿಸುತ್ತದೆ, ಊಹೆ ತೋರಿಸುವುದಿಲ್ಲ. ಈಗ ಕೊನೆಯಲ್ಲಿ ನಡೆಯುತ್ತಲೇ ಎಲ್ಲರನ್ನೂ ಕೇಳುತ್ತೇನೆ. “ಛೆ, ಹೊರಟೋರನ್ನ ಎಲ್ಲಿಗೆ ಅಂತಾರೇನಮ್ಮ?” ಎಂದು ಹಿರಿಯರು ಗದರಿದರೆ, “ಅಪಶಕುನ ನನಗೇ ತಟ್ಟಲಿ, ಎಲ್ಲಿಗೆ ಹೇಳಿ” ಎನ್ನುತ್ತೇನೆ.

ಆದರೆ ಸಭೆಯಲ್ಲಿ ಹೇಳಿದ್ದು ಜಪಾನಿಯಲ್ಲಿ, ಪರಕೀಯರ ಮುಂದೆ. ಅಣ್ಣನ ಮಾನ ಹೋದದ್ದು ನಮ್ಮವರ ನಡುವೆ. ಯುಗಾದಿಗೆ ಅವನ ಮನೆಯಲ್ಲಿ ಅವರೆಲ್ಲ ಸೇರಿದ್ದರು. ಹೋಳಿಗೆ ಬಡಿಸುತ್ತ ಒಬ್ಬರು, “ಹಯಗ್ರೀವ ಅವ್ರೇ, ಬಾಲ್ಕನಿಗೆ ಹೋಗೋದಾದ್ರೂ ಹೇಳಿ ಹೋಗ್ರಪ್ಪ” ಎಂದರು. ಎಲ್ಲರಿಗಿಂತ ಮೊದಲು ನಕ್ಕವನು ಅಣ್ಣನೇ.

ನಾನು ಎಲೆಯ ಮುಂದಿನಿಂದ ಎದ್ದೆ. “ನಗಬೇಡಿ. ಅವನು ಹೇಳಿ ಹೋಗಿದ್ದ.”

“ಪದ್ದೂ, ಬಿಡೇ. ಊಟ ಮಾಡು” ಎಂದ ಅಣ್ಣ.

“ಬಿಡಲ್ಲ. ನೀನು ಬಿಡು ಬಿಡು ಅಂತಾನೇ ನಾನು ಇಷ್ಟು ದಿನ ಬಚಾವಾದೆ.” ಅತ್ತಿಗೆ ಕೈಯಲ್ಲಿದ್ದ ತುಪ್ಪದ ಪಾತ್ರೆ ಕೆಳಗಿಟ್ಟರು. ನಾನು ಅಳಲಿಲ್ಲ, ತಲೆಯನ್ನೂ ತಗ್ಗಿಸಲಿಲ್ಲ; ಅವನ ಮುಖವನ್ನೇ ನೋಡಿ, ಎಲ್ಲರಿಗೂ ಕೇಳಿಸುವ ಹಾಗೆ ಹೇಳಿದೆ.

“ನೀನು ನನಗೆ ಹೇಳೇ ಹೋದೆ. ಹೇಳಿಲ್ಲ ಅಂತ ನಾನು ಸುಳ್ಳು ಹೇಳ್ದೆ, ನನ್ನ ಕೆಲಸ ಉಳಿಸ್ಕೊಳ್ಳೋಕೆ. ತಪ್ಪಾಯ್ತು ಅಣ್ಣ.”