ಸಂದಿಗೆ ಊರಿದ ಜೋಳ

ಕಸಕ್ಕೆ ಹೊಡೆದ ಔಷಧಕ್ಕೆ ಸತ್ತದ್ದು ಮೊಮ್ಮಗಳ ಜೋಳವಲ್ಲ, ನನ್ನ ಜೋಳ. ಅವಳದ್ದು ಒಂದು ಗಿಡವೂ ಬಾಡಲಿಲ್ಲ. ಹಾಲಹರವಿ ಕಡೆಯ ಜನ ಬೇರೆ ಏನೇನೋ ಹೇಳಿಕೊಂಡು ತಿರುಗುತ್ತಾರೆ, ತಿರುಗಲಿ. ಆ ಹೊಸ ಜೋಳ ಕಂಡರೆ ನನಗೆ ಅವತ್ತೂ ಮೈ ಉರಿಯುತ್ತಿತ್ತು, ಇವತ್ತೂ ಉರಿಯುತ್ತದೆ. ಆದರೂ ಆದದ್ದು ಇದು.

ಮೊಮ್ಮಗಳೆಂದರೆ ನನ್ನ ಮಗನ ಮಗಳು. ಬೀಜದ ಓದು ಓದಿ, ಹೊಸ ಬೀಜ ತಯಾರಿಸುವ ಲ್ಯಾಬೊಂದರಲ್ಲಿ ಕೆಲಸಕ್ಕಿದ್ದಾಳೆ. ಕೆಲವು ವರ್ಷಗಳ ಹಿಂದೆ ಊರಿಗೆ ಬಂದವಳು ನಮ್ಮ ಮನೆಯ ಬಿಳಿಜೋಳ ಒಂದಿಷ್ಟು ಕಟ್ಟಿಕೊಂಡು ಹೋದಳು. ರೊಟ್ಟಿಗಿರಬೇಕು ಅಂದುಕೊಂಡೆ. ಹೋದ ಹಿಂಗಾರಿಗೆ ಅದೇ ಜೋಳ ಚೀಲದಲ್ಲಿ ವಾಪಸು ಬಂತು. ಅದೇ ಕಾಳು, ಅದೇ ಬಣ್ಣ, ಗುರುತೇ ಸಿಗುವುದಿಲ್ಲ.

"ಇದರ ಜೀನ್ ತಿದ್ದೀವಿ ಅಜ್ಜಿ," ಅಂದಳು. "ಬ್ಯಾರೆ ಕಡಿಂದ ಏನೂ ತಂದು ಹಾಕಿಲ್ಲ. ಅದರೊಳಗ ಇದ್ದದ್ದನ್ನ ಒಂದೀಟು ಬದಲ್ ಮಾಡೀವಿ. ಈಗ ಕಸ ಸಾಯೋ ಔಷಧ ಹೊಡದ್ರೂ ಜೋಳಕ್ಕ ಏನೂ ಆಗಂಗಿಲ್ಲ."

"ತಿದ್ದಬೇಕಂದ್ರ ತಪ್ಪಿರಬೇಕು. ನನ್ನ ಜೋಳದಾಗ ಏನು ತಪ್ಪಿತ್ತು?"

"ತಪ್ಪು ಅಂತಲ್ಲ ಅಜ್ಜಿ..."

"ಮತ್ತ?"

ಅವಳು ಅಪ್ಪನ ಮುಖ ನೋಡಿದಳು. ನನ್ನ ಮಗ ನಕ್ಕ. "ಮೂರನೇ ಕ್ಲಾಸಿಗೆ ಸಾಲಿ ಬಿಟ್ಟಾಕಿಗೆ ಜೀನ್ ಹೇಳಾಕ ಕುಂತಿ. ರಸ್ತಿ ಕಡೆ ಹೊಲದ ಪಟ್ಟಿ ಐತಿ, ಬಿತ್ತಿ ನೋಡು."

ಹೊಲ ಯಾರ ಹೆಸರಿಗಿದೆ ಎಂದು ಅವನು ಮರೆತಿದ್ದ. ಮೊಮ್ಮಗಳ ಮುಖ ನೋಡಿ ನಾನು ಆ ಒಂದು ವರ್ಷಕ್ಕೆ ಹೂಂ ಅಂದೆ.

ಆ ಪಟ್ಟಿಯಲ್ಲಿ ವರ್ಷವರ್ಷವೂ ಜೋಳದ ನಡುವೆ ಕುಸುಬಿಯ ಅಕ್ಕಡಿ ಸಾಲು ನನ್ನದು. ಕೂರಿಗೆಯ ಹಿಂದೆ ನಡೆದು ಬಿತ್ತುವವಳು ನಾನು, ಎಳೆಸೊಪ್ಪು ಚಿವುಟುವವಳು ನಾನು, ಗಾಣಕ್ಕೆ ಹಾಕಿಸಿ ಎಣ್ಣೆ ತರುವವಳೂ ನಾನೇ. ಈ ಸಲ ಬೇಡ ಎಂದರು. ಔಷಧಕ್ಕೆ ಕುಸುಬಿ ಸಾಯುತ್ತದಂತೆ. ಹಕ್ಕರಿಕೆಯೂ ಸಾಯುತ್ತದಂತೆ. ಅವರ ಲೆಕ್ಕದಲ್ಲಿ ಹಕ್ಕರಿಕೆ ಕಸ. ನಮಗೆ ಅದು ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಸೊಪ್ಪು. ಕಸ ತೆಗೆಯಲು ಬರುವ ಕೂಲಿ ಹೆಂಗಸರು ಸಂಜೆ ಮಡಿಲು ತುಂಬ ಅದನ್ನೇ ಕಟ್ಟಿಕೊಂಡು ಹೋಗುತ್ತಾರೆ.

"ಈ ಪಟ್ಟಿಯೊಳಗ ಯಾರೂ ಕಸ ಕೀಳಬ್ಯಾಡ್ರಿ," ಎಂದು ಹೇಳಿ ಮೊಮ್ಮಗಳು ಹೋದಳು. ಆ ಮಾತಿಗೆ ನಾನು ತಪ್ಪಲಿಲ್ಲ. ಒಂದು ಕಡ್ಡಿ ಕಿತ್ತಿಲ್ಲ.

ಆದರೆ ಪೈರು ನೆಟ್ಟಗೆ ಏಳಲಿಲ್ಲ. ಸಾಲಿನಲ್ಲಿ ಇಲ್ಲೊಂದು ಮೊಳ ಖಾಲಿ, ಅಲ್ಲೊಂದು ಮಾರು ಖಾಲಿ. ನಮ್ಮ ಕಡೆ ಸಾಲಿನಲ್ಲಿ ಸಂದು ಬಿದ್ದರೆ ಗಂಡಸರನ್ನು ಯಾರೂ ಅನ್ನುವುದಿಲ್ಲ. ಆ ಮನೆಯಲ್ಲಿ ಹೆಣ್ಣುಮಕ್ಕಳು ಸತ್ತಿದ್ದಾರೇನು ಎಂದು ಕೇಳುತ್ತಾರೆ. ಅದೂ ಆದೋನಿಯ ಬಸ್ಸಿನಲ್ಲಿ ಕೂತವರಿಗೆಲ್ಲ ಕಾಣುವ ಹೊಲ. ಗಡಿಗೆಯಲ್ಲಿದ್ದ ಮನೆಯ ಬಿತ್ತನೆ ಜೋಳ ತೆಗೆದುಕೊಂಡು ಹೋಗಿ ಸಂದಿಗೆಲ್ಲ ಊರಿದೆ. ಜೊತೆಗೆ ಕೂಲಿ ಹೆಂಗಸರ ಗುಂಪನ್ನು ನಡೆಸುವವಳು ಬಂದಿದ್ದಳು. ವರಸೆಯಲ್ಲಿ ನನಗೆ ಸೊಸೆಯಾಗಬೇಕು, ಬಾಯಿ ನನಗಿಂತ ಜೋರು. ಇದು ಪ್ರತಿ ವರ್ಷ ಮಾಡುವ ಕೆಲಸ. ಯಾರನ್ನಾದರೂ ಕೇಳಬೇಕೆಂದು ನನಗೆ ಹೊಳೆಯಲೂ ಇಲ್ಲ.

ಊರಿದ ಜೋಳವೂ ಎದ್ದಿತು. ಸ್ವಲ್ಪ ಗಿಡ್ಡ, ಅಷ್ಟೇ. ಆಮೇಲೆ ಮಗ ಬೆನ್ನಿಗೆ ಡಬ್ಬ ಕಟ್ಟಿಕೊಂಡು ಔಷಧ ಹೊಡೆದ.

ಮೊದಲು ಹಕ್ಕರಿಕೆ ಮುದುಡಿತು. ಆಮೇಲೆ ನಾನು ಊರಿದ ಜೋಳದ ಸುಳಿ ಹಳದಿಯಾಯಿತು, ಎಲೆ ಕೆಂಪಾಯಿತು, ಬಗ್ಗಿತು. ಎಲ್ಲೆಲ್ಲಿ ಸಂದಿತ್ತೋ ಅಲ್ಲಲ್ಲಿ ಮತ್ತೆ ಸಂದು. ಪಕ್ಕದಲ್ಲೇ ಮೊಮ್ಮಗಳ ಜೋಳ ಹಸಿರಾಗಿ ನಿಂತಿತ್ತು. ಆದರೆ ಎರಡೂ ಒಂದೇ ಜಾತಿಯ ಜೋಳ, ನೋಡುವವರಿಗೆ ಹೇಗೆ ತಿಳಿಯಬೇಕು? ತಿದ್ದಿದ ಜೋಳವೂ ಔಷಧಕ್ಕೆ ಸಾಯುತ್ತಿದೆ ಎಂದು ಊರೆಲ್ಲ ಸುದ್ದಿಯಾಯಿತು. ನಾನು ಬಾಯಿ ಬಿಡಲಿಲ್ಲ. ಸಂತೋಷವೇ ಆಗಿತ್ತು, ಸುಳ್ಳೇಕೆ ಹೇಳಲಿ.

ಸುದ್ದಿ ಲ್ಯಾಬಿಗೂ ಮುಟ್ಟಿತು. ಮೊಮ್ಮಗಳು ತನ್ನ ಮೇಲಿನ ಸಾಹೇಬನನ್ನು ಕರೆದುಕೊಂಡು ಬಂದಳು. ಆತ ತೆಲುಗಿನವನು. ಸಾಲು ಸಾಲು ಸುತ್ತಿದ, ಫೋಟೋ ಹೊಡೆದ, ಆಮೇಲೆ ನಮ್ಮೆಲ್ಲರ ಎದುರಿಗೇ ಅವಳಿಗೆ, ನಮಗೂ ತಿಳಿಯುವ ತೆಲುಗಿನಲ್ಲಿ, ಬೈಯಲು ಶುರು ಮಾಡಿದ. ತಿದ್ದಿದ್ದು ಎಲ್ಲ ಗಿಡದಲ್ಲೂ ನಿಂತಿಲ್ಲ, ಇಷ್ಟು ವರ್ಷದ ಕೆಲಸ ಹಾಳು, ಈ ನಾಟು ಜೋಳದಲ್ಲೇ ದಮ್ಮಿಲ್ಲ, ಇದನ್ನು ಬಿಸಾಕಿ ನೀನು ಆಫೀಸಿನಲ್ಲಿ ಕೂತು ಬೇರೆ ಕೆಲಸ ನೋಡು ಅಂದ.

ಬದುವಿನ ಮೇಲೆ ನನ್ನ ಪಕ್ಕದಲ್ಲಿ ನಿಂತಿದ್ದ ಆ ಕೂಲಿ ಗುಂಪಿನವಳು ಮೊಣಕೈಯಿಂದ ತಿವಿದಳು. "ಅತ್ತಿ, ಬಾಯಿ ಮುಚಗೊಂಡು ನಿಂದ್ರು. ಇದು ಕೆಟ್ಟೋತು ಅಂದ್ರ ನಮ್ಮ ಕಸ ತೆಗಿಯೋ ಕುರ್ಚಿಗಿ ಉಳೀತು."

ಅವಳು ಹೇಳಿದ್ದು ಸುಳ್ಳಲ್ಲ. ಕಸಕ್ಕೆ ಔಷಧ ಹೊಡೆದರೆ ಕುರ್ಚಿಗಿ ಹಿಡಿದು ಕಸ ತೆಗೆಯುವವರನ್ನು ಯಾರು ಕರೆಯುತ್ತಾರೆ? ನನ್ನ ಕುಸುಬಿಯೂ ಉಳಿಯುತ್ತಿತ್ತು. ಆ ಜೋಳ ಸೋಲಬೇಕೆಂದು ನನಗೂ ಇತ್ತು. ಆದರೆ ಸೋಲುವುದಾದರೆ ಅದು ತಾನಾಗಿ ಸೋಲಬೇಕು, ನಾನು ಊರಿದ ಕಾಳಿನ ಹೆಣ ತೋರಿಸಿ ಅಲ್ಲ. ಅದರ ಮೇಲೆ ಆ ಸಾಹೇಬ ನನ್ನ ಜೋಳದಲ್ಲಿ ದಮ್ಮಿಲ್ಲ ಅಂದನಲ್ಲ.

"ಸತ್ತಿದ್ದು ನಾನು ಊರಿದ್ದು," ಅಂದೆ. "ಮನಿ ಬೀಜ. ಸಂದು ಬಿದ್ದಿತ್ತು, ತುಂಬಿದೆ. ನಿಮ್ಮದು ಸತ್ತಿಲ್ಲ."

ಸಾಹೇಬ ನಕ್ಕ, ದೊಡ್ಡಮ್ಮ ಅನ್ನುವುದನ್ನು ತೆಲುಗಿನಲ್ಲೇ ಅಂದ. "ಪೆದ್ದಮ್ಮಾ, ಮೊಮ್ಮಗಳ ಮೇಲೆ ನಿಮಗೆ ಅಕ್ಕರೆ, ಸರಿ. ಅದಕ್ಕೆ ಹಿಂಗ ಹೇಳಬೇಕಾ?"

"ಅಕ್ಕರಿ ಮಾತಲ್ಲ ಸಾಹೇಬ್ರ. ಆ ಚೀಲ ಬಂದ ದಿನನೇ ಬಾವಿಗೆ ಎಸಿಬೇಕಿತ್ತು ನಾನು."

ಮೊಮ್ಮಗಳು ಅಷ್ಟರಲ್ಲಿ ಕುಕ್ಕರುಗಾಲಲ್ಲಿ ಕೂತು ಸತ್ತ ಗಿಡದ ಬುಡ ಕೆದರುತ್ತಿದ್ದಳು. ಒಂದೇ ಕುಳಿಯಿಂದ ಮೂರು ಎದ್ದಿದ್ದವು. ಇನ್ನೊಂದು ಕಡೆ ಕೆದರಿದಳು, ಅಲ್ಲೂ ಹಾಗೇ. ಹಸಿರಾಗಿದ್ದ ಗಿಡಗಳು ಕೂರಿಗೆಯಿಂದ ಬಿದ್ದ ಕಾಳಿನವು, ಒಂದೊಂದೇ ನಿಂತಿದ್ದವು.

"ಅಜ್ಜಿ ಊರೋದು ಹಿಂಗ ಸರ್," ಅಂದಳು. ಆಮೇಲೆ ನನ್ನ ಕಡೆ ತಿರುಗಿದಳು, ಕಣ್ಣು ಕೆಂಡ. "ಹೇಳಬಾರದಿತ್ತಾ ನೀನು?"

"ನೀ ಕೇಳಿದೇನು?"

"ಇದನ್ನೂ ಕೇಳಬೇಕಾ?"

"ನನ್ನ ಜೋಳ ತಿದ್ದೋ ಮುಂಚೆ ಕೇಳಿದ್ರ ಇದನ್ನೂ ಕೇಳ್ತಿದ್ದಿ."

ಸಾಹೇಬನ ಮುಖ ಬದಲಾಯಿತು. ಸತ್ತದ್ದನ್ನೂ ಬದುಕಿದ್ದನ್ನೂ ಬೇರೆ ಬೇರೆ ಚೀಲದಲ್ಲಿ ಹಾಕಿಸಿದ. ಒಂದೇ ಸಾಲಿನಲ್ಲಿ ತಿದ್ದಿದ್ದೂ ತಿದ್ದದೆ ಇದ್ದದ್ದೂ ಸಿಕ್ಕಿತು, ಇದಕ್ಕಿಂತ ಒಳ್ಳೆಯ ಪರೀಕ್ಷೆ ಯಾವುದು ಎಂದು ಮೊಮ್ಮಗಳ ಬೆನ್ನು ತಟ್ಟಿದ. "ಮುಂದಿನ ವರ್ಷ ಇಡೀ ಹೊಲ ಕೊಡಿ," ಎಂದು ನನ್ನ ಮಗನನ್ನು ಕೇಳಿದ. ಮಗ ತಲೆಯಾಡಿಸುತ್ತಿದ್ದ.

"ಹೊಲ ನನ್ನ ಹೆಸರಿಗೆ ಐತಿ," ಅಂದೆ. "ಪಟ್ಟಿ ಕೊಟ್ಟಿದ್ದು ಈ ವರ್ಷಕ್ಕ. ಮುಂದ ಒಂದು ಸಾಲೂ ಇಲ್ಲ."

"ನೋಡೋಣ ಬಿಡವ್ವ," ಅಂದ ಮಗ. ಅವನು ಹಾಗೆಂದರೆ ತನ್ನ ಮನಸ್ಸಿಗೆ ಬಂದದ್ದನ್ನೇ ಮಾಡುತ್ತಾನೆ ಎಂದು ನನಗೆ ಗೊತ್ತು.

ಕೂಲಿ ಗುಂಪಿನವಳು ಎಲೆಅಡಿಕೆ ಉಗಿದಳು. "ಮೊಮ್ಮಗಳು ಗೆದ್ಲು. ನಮ್ಮ ಬಾಯಾಗ ಮಣ್ಣು ಹಾಕಿದಿ ಅತ್ತಿ. ಇನ್ನ ನಿನ್ನ ಹೊಲಕ್ಕ ನನ್ನ ಕರೀಬ್ಯಾಡ." ಬದು ಇಳಿದು ಹೋದಳು.

ಮರುದಿನ ನಸುಕಿಗೆ ಗಡಿಗೆಯಲ್ಲಿದ್ದ ಕುಸುಬಿಯನ್ನು ಸೆರಗಿಗೆ ಸುರಿದುಕೊಂಡು ಹೊಲಕ್ಕೆ ಹೋದೆ. ಬಿತ್ತನೆಗೆ ತಡವಾಗಿತ್ತು, ಆದರೂ ಕರಿನೆಲದಲ್ಲಿ ಹಸಿ ಇತ್ತು. ಅವರ ಪಟ್ಟಿಯೊಳಗೆ ಕಾಲಿಡಲಿಲ್ಲ. ಪಟ್ಟಿ ಮುಗಿದು ನನ್ನ ಉಳಿದ ಹೊಲ ಶುರುವಾಗುವ ಅಂಚಿನುದ್ದಕ್ಕೂ ಒತ್ತೊತ್ತಾಗಿ ಊರುತ್ತಾ ಹೋದೆ. ಆ ಔಷಧ ಇತ್ತ ಒಂದು ಹೆಜ್ಜೆ ಬಂದರೂ ಮೊದಲು ಕುಸುಬಿ ಸಾಯುತ್ತದೆ, ಬಸ್ಸಿನಲ್ಲಿ ಹೋಗುವವರಿಗೂ ಕಾಣುತ್ತದೆ. ಆಗ ಮಗನೇ ಬಂದು ನನಗೆ ಉತ್ತರ ಹೇಳಬೇಕು.

ರಸ್ತೆಯ ಮೇಲೆ ಕೂಲಿ ಗುಂಪಿನವಳು ತನ್ನ ಹೆಂಗಸರನ್ನು ಕರೆದುಕೊಂಡು ಬೇರೆಯವರ ಹೊಲಕ್ಕೆ ಹೊರಟಿದ್ದಳು. ಇತ್ತ ತಿರುಗಿ ನೋಡಲಿಲ್ಲ. ನಾನೂ ಕರೆಯಲಿಲ್ಲ. ಮಗ ಎದ್ದು ಹೊಲಕ್ಕೆ ಬರುವಷ್ಟರಲ್ಲಿ ಅರ್ಧ ಅಂಚು ಊರಿ ಮುಗಿಸಿದ್ದೆ.